ಸ್ಟೀರಿಂಗ್ ಇಲ್ಲದ ಬಂಡಿ

ತೇನಿ ಜಿಲ್ಲೆಯ ಮಾರ್ಕಯನ್‌ಕೋಟ್ಟೈನಿಂದ ಬಂದಿರುವ ಪ್ರಶ್ನೆಯೊಂದನ್ನು ಓದಿದ ಮೇಲೆ ನನಗೆ ಬೇರೆ ಕೆಲಸವೇ ಹತ್ತಲಿಲ್ಲ. ತಮಿಳುನಾಡಿನ ಕಂಬಂ ಕಣಿವೆಯಲ್ಲಿ ಎಷ್ಟೋ ತಲೆಮಾರುಗಳಿಂದ ಮನೆಯೊಳಗೆ ಕನ್ನಡವನ್ನೇ ಆಡುತ್ತ ಬಂದ ಕುಟುಂಬಗಳಿವೆ. ಅಂಥ ಒಂದು ಮನೆಯ ಹಿರಿಯರು ಕೇಳಿರುವ ಪ್ರಶ್ನೆ ಇದು. ಅವರ ಓದು ಬರಹವೆಲ್ಲ ತಮಿಳಿನಲ್ಲಿ. ಹಾಗಾಗಿ ಅಜ್ಜ ಹೇಳಿದ್ದನ್ನು ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮೊಮ್ಮಗಳು ಬರೆದು ಕಳಿಸಿದ್ದಾಳೆ.

ಅಜ್ಜ ಬೆಂಗಳೂರಿಗೆ ಬಂದಾಗ ಮೆಟ್ರೊದ ನೇರಳೆ ಮಾರ್ಗದಲ್ಲಿ ವೈಟ್‌ಫೀಲ್ಡ್‌ನಿಂದ ಮೆಜೆಸ್ಟಿಕ್‌ಗೆ ಹೋದರಂತೆ. ಹಲಸೂರು ಬಿಟ್ಟು ಟ್ರಿನಿಟಿ ಕಡೆಗೆ ಹೊರಳುವಾಗ ರೈಲು ನಿಧಾನವಾಯಿತು, ಕೆಳಗಿನಿಂದ ಕಿರ್ರ್ ಎನ್ನುವ ಸದ್ದು ಬಂತು. ಅಜ್ಜನಿಗೆ ತಮ್ಮ ಎತ್ತಿನ ಗಾಡಿ ನೆನಪಾಯಿತು. ಗಾಡಿಯಲ್ಲಿ ಅಚ್ಚು ತಿರುಗುವುದಿಲ್ಲ, ಚಕ್ರಗಳು ಮಾತ್ರ ತಿರುಗುತ್ತವೆ. ಎಡಕ್ಕೆ ಹೊರಳಿದರೆ ಬಲಗಡೆಯ ಚಕ್ರ ತನ್ನ ಪಾಡಿಗೆ ಹೆಚ್ಚು ಸುತ್ತು ಹಾಕಿಕೊಂಡು ಬರುತ್ತದೆ. ರೈಲಿನಲ್ಲಾದರೋ ಎರಡು ಚಕ್ರಗಳೂ ಅಚ್ಚಿಗೇ ಬಿಗಿದಿವೆ, ತೇನಿ ಸ್ಟೇಷನ್ನಿನಲ್ಲಿ ಬಗ್ಗಿ ನೋಡಿದ್ದೇನೆ ಎನ್ನುತ್ತಾರೆ ಅವರು. ಎರಡೂ ಒಂದೇ ಸಮ ತಿರುಗಬೇಕು ಎಂದಾದರೆ ತಿರುವಿನಲ್ಲಿ ಹೊರಗಿನ ಚಕ್ರ ಹಿಂದೆ ಬೀಳುವುದಿಲ್ಲವೆ? ಡ್ರೈವರ್ ಮುಂದೆ ಸ್ಟೀರಿಂಗ್ ಕೂಡ ಇಲ್ಲವಲ್ಲ?

ಎಂಥ ಪ್ರಶ್ನೆ! ದಿನವೂ ಮೊಬೈಲ್ ನೋಡಿಕೊಂಡು ಮೆಟ್ರೊದಲ್ಲಿ ಓಡಾಡುವ ನಮಗೆ ಇದು ಹೊಳೆಯಲಿಲ್ಲ. ಗಾಡಿಯ ಕೀಲಿಗೆ ಎಣ್ಣೆ ಹಾಕಿದ ಕೈಯವರಿಗೆ ಒಂದೇ ಪ್ರಯಾಣದಲ್ಲಿ ಹೊಳೆಯಿತು.

ಮೆಟ್ರೊ ಓಡುವ ಬಗೆ ನಿಮಗೆ ಗೊತ್ತೇ ಇದೆ. ಹಳಿಯ ಪಕ್ಕದ ಮೂರನೇ ಹಳಿಯಿಂದ 750 ವೋಲ್ಟ್ ಡಿಸಿ ವಿದ್ಯುತ್ ಬರುತ್ತದೆ, ಮೋಟಾರು ತಿರುಗುತ್ತದೆ. ಅದು ಹಾಗಿರಲಿ. ಅಜ್ಜ ನೋಡಿದ್ದು ನೂರಕ್ಕೆ ನೂರು ನಿಜ. ಯಲಹಂಕದಲ್ಲಿ 1984ರಿಂದ ಇರುವ ರೈಲು ಗಾಲಿ ಕಾರ್ಖಾನೆಯಲ್ಲಿ ಭಾರತೀಯ ರೈಲ್ವೆಗೆ ಬೇಕಾದ ಚಕ್ರ ಮತ್ತು ಅಚ್ಚುಗಳು ತಯಾರಾಗುತ್ತವೆ. ಅಲ್ಲಿ ಚಕ್ರವನ್ನು ಅಚ್ಚಿಗೆ ಕೂರಿಸಲು ಬೋಲ್ಟೂ ಬೇಡ, ಬೆಸುಗೆಯೂ ಬೇಡ. ಅಚ್ಚಿಗಿಂತ ಕೂದಲೆಳೆಯಷ್ಟು ಕಿರಿದಾದ ತೂತಿರುವ ಚಕ್ರವನ್ನು ಹೈಡ್ರಾಲಿಕ್ ಪ್ರೆಸ್ಸಿನಿಂದ ಒತ್ತಿ ತೂರಿಸಿಬಿಡುತ್ತಾರೆ. ಆಮೇಲೆ ಎರಡು ಚಕ್ರ, ಒಂದು ಅಚ್ಚು ಸೇರಿ ಒಂದೇ ತುಂಡು. ಮೆಟ್ರೊದ ಚಕ್ರಗಳ ಜೋಡಿಯೂ ಹೀಗೇ ಒಟ್ಟಿಗೆ ತಿರುಗುತ್ತದೆ.

ಈಗ ಲೆಕ್ಕ ನೋಡಿ. ನಮ್ಮ ಮೆಟ್ರೊದ್ದು 1435 ಮಿಲಿಮೀಟರಿನ ಸ್ಟ್ಯಾಂಡರ್ಡ್ ಗೇಜ್. ಚಕ್ರಗಳು ಹಳಿಯ ತಲೆಯನ್ನು ಮುಟ್ಟುವ ಎರಡು ಜಾಗಗಳ ನಡುವೆ ಸುಮಾರು ಒಂದೂವರೆ ಮೀಟರ್ ಅಂತರ. ರೈಲು ಲಂಬಕೋನದಷ್ಟು ಹೊರಳಿದರೆ ಹೊರಹಳಿಯ ಉದ್ದ ಒಳಹಳಿಗಿಂತ ಸುಮಾರು 2.36 ಮೀಟರ್ ಹೆಚ್ಚು. ತಿರುವು ಚಿಕ್ಕದಿರಲಿ, ಊರಗಲ ಇರಲಿ, ಈ ವ್ಯತ್ಯಾಸ ಮಾತ್ರ ಅಷ್ಟೇ. ನಂಬಿಕೆ ಬಾರದಿದ್ದರೆ ಹೈಸ್ಕೂಲಿನ ಮಕ್ಕಳಿಂದ ಲೆಕ್ಕ ಹಾಕಿಸಿ. ಅಜ್ಜನ ಊರ ಕಡೆ 2010ರ ಕೊನೆಗೆ ಮೀಟರ್ ಗೇಜ್ ರೈಲು ನಿಂತು, ಬ್ರಾಡ್ ಗೇಜ್ ಆಗಿ 2022ರಲ್ಲಿ ತೇನಿಗೂ 2023ರಲ್ಲಿ ಬೋಡಿನಾಯಕ್ಕನೂರಿಗೂ ಮರಳಿ ಬಂತು. ಅಗಲ ಹೆಚ್ಚಿದ ಆ ಹಳಿಯಲ್ಲಿ ಇದೇ ವ್ಯತ್ಯಾಸ ಎರಡೂ ಮುಕ್ಕಾಲು ಮೀಟರ್ ಆಗುತ್ತದೆ. ಇಷ್ಟು ಉದ್ದವನ್ನು ಒಂದೇ ತುಂಡಿನ ಎರಡು ಚಕ್ರಗಳು ಸರಿದೂಗಿಸುವುದು ಹೇಗೆ?

ಯಾರನ್ನು ಕೇಳಿದರೂ ಬರುವ ಉತ್ತರ ಒಂದೇ: ಚಕ್ರದ ಒಳಬದಿಯಲ್ಲಿ ಎದ್ದ ಅಂಚು ಇದೆಯಲ್ಲ, ಆ ಫ್ಲೇಂಜ್ ರೈಲನ್ನು ಹಳಿಗೆ ಹಿಡಿದಿಡುತ್ತದೆ. ಎಂಜಿನಿಯರಿಂಗ್ ಓದಿದವರೂ ನನಗೆ ಹೀಗೆಂದೇ ಹೇಳಿದ್ದಾರೆ. ಆದರೆ ಫ್ಲೇಂಜ್ ಇರುವುದು ಆಪತ್ಕಾಲದ ಕಾವಲಿಗೆ. ನೇರದಾರಿಯಲ್ಲಿ ಅದು ಹಳಿಯನ್ನು ಮುಟ್ಟುವುದೇ ಇಲ್ಲ, ನಡುವೆ ಕೆಲವು ಮಿಲಿಮೀಟರ್ ಜಾಗ ಇರುತ್ತದೆ. ಹಗಲಿಡೀ ಉಜ್ಜುತ್ತಿದ್ದರೆ ಅಂಚೂ ಸವೆಯುತ್ತಿತ್ತು, ಹಳಿಯೂ ಸವೆಯುತ್ತಿತ್ತು, ನಮ್ಮ ಕಿವಿಯೂ ಸವೆಯುತ್ತಿತ್ತು.

ನಿಜವಾದ ಉಪಾಯ ತಿಳಿಯಲು ಟೀ ಅಂಗಡಿಯಿಂದ ನಾಲ್ಕು ಪೇಪರ್ ಲೋಟ ತನ್ನಿ. ಎರಡರ ಬಾಯಿಗೆ ಬಾಯಿ ಕೂರಿಸಿ ಟೇಪ್ ಸುತ್ತಿ. ನಡು ದಪ್ಪ, ತುದಿಗಳು ಸಣ್ಣ. ಉಳಿದ ಎರಡರ ತಳಕ್ಕೆ ತಳ ಸೇರಿಸಿ ಅಂಟಿಸಿ. ಇದರ ನಡು ಸಣ್ಣ, ತುದಿಗಳು ದಪ್ಪ. ಎರಡು ನೇರ ಕೋಲುಗಳನ್ನು ಪಕ್ಕಪಕ್ಕ ಹಳಿಗಳ ಹಾಗೆ ಇಟ್ಟು ಒಂದು ತುದಿಗೆ ಪುಸ್ತಕ ಕೊಟ್ಟು ಎತ್ತರಿಸಿ. ಒಂದೊಂದು ಲೋಟದ ಮಧ್ಯಭಾಗ ಒಂದೊಂದು ಕೋಲಿನ ಮೇಲೆ ಕೂರುವಷ್ಟು ಅಂತರವಿರಲಿ. ಮೊದಲ ಜೋಡಿಯನ್ನು ಬಿಡಿ, ಬೇಕೆಂದೇ ಸ್ವಲ್ಪ ಸೊಟ್ಟಗೆ ಬಿಡಿ. ಅದು ಅತ್ತ ವಾಲಿ, ಇತ್ತ ವಾಲಿ, ತಾನಾಗಿ ನಡುವಿಗೆ ಬಂದು ಕೆಳತುದಿಯವರೆಗೂ ಉರುಳುತ್ತದೆ. ಎರಡನೆಯ ಜೋಡಿ ಎಷ್ಟು ಜೋಪಾನವಾಗಿ ಬಿಟ್ಟರೂ ಒಂದು ಪಕ್ಕಕ್ಕೆ ಸರಿದದ್ದೇ ಸೈ, ಇನ್ನಷ್ಟು ಸರಿದು ದೊಪ್ಪನೆ ಬೀಳುತ್ತದೆ. ನಮ್ಮ ಮನೆಯ ಊಟದ ಮೇಜಿನ ಮೇಲೆ ಈ ಆಟ ಶುರುವಾದರೆ ದೊಡ್ಡವರೂ ಬಿಟ್ಟೇಳುವುದಿಲ್ಲ.

ಮೊದಲ ಜೋಡಿ ಬಲಕ್ಕೆ ಸರಿಯಿತು ಎನ್ನಿ. ಆಗ ಬಲಕೋಲಿನ ಮೇಲೆ ಬರುವುದು ಲೋಟದ ದಪ್ಪ ಭಾಗ, ಎಡಕೋಲಿನ ಮೇಲೆ ಸಣ್ಣ ಭಾಗ. ಎರಡೂ ಸುತ್ತುವುದು ಒಂದೇ ಸಲವಾದರೂ ದಪ್ಪ ಭಾಗ ಒಂದು ಸುತ್ತಿಗೆ ಹೆಚ್ಚು ದೂರ ಹೋಗುತ್ತದೆ. ಬಲಪಕ್ಕ ಮುಂದಾದ ಕೂಡಲೇ ಇಡೀ ಜೋಡಿ ಎಡಕ್ಕೆ ಮುಖ ತಿರುಗಿಸಿ ನಡುವಿಗೆ ಮರಳುತ್ತದೆ. ರೈಲಿನ ಚಕ್ರವೂ ಹೀಗೇ. ನೋಡಲು ಸಪಾಟಾಗಿ ಕಂಡರೂ ಹಳಿಯ ಮೇಲೆ ಕೂರುವ ಅದರ ಮೈ ಇಳಿಜಾರು. ಒಳಗಡೆ, ಫ್ಲೇಂಜ್ ಪಕ್ಕದಲ್ಲಿ ದಪ್ಪ, ಹೊರಗಡೆ ಸಣ್ಣ. ಹಳೆಯ ಲೆಕ್ಕದಲ್ಲಿ ಈ ಇಳಿಜಾರು 20ಕ್ಕೆ 1, ಅಂದರೆ 20 ಮಿಲಿಮೀಟರ್ ಹೊರಕ್ಕೆ ಹೋದರೆ ಒಂದೇ ಒಂದು ಮಿಲಿಮೀಟರ್ ಇಳಿತ. ಇಂದಿನ ಚಕ್ರಗಳ ಮೈ ಸರಳ ಇಳಿಜಾರಾಗಿರದೆ ನವಿರಾದ ಬಾಗು ಪಡೆದಿದೆ, ತತ್ವ ಅದೇ. ತಿರುವಿನಲ್ಲಿ ಚಕ್ರದ ಜೋಡಿ ತುಸು ಹೊರಕ್ಕೆ ಸರಿಯುತ್ತದೆ. ಹೊರಗಿನ ಚಕ್ರ ತನ್ನ ದಪ್ಪ ಭಾಗದ ಮೇಲೂ ಒಳಗಿನದು ಸಣ್ಣ ಭಾಗದ ಮೇಲೂ ಉರುಳುತ್ತವೆ. ಸುತ್ತಿನ ಸಂಖ್ಯೆ ಸಮ, ನಡೆದ ದೂರ ಬೇರೆ. ಅಜ್ಜ ಕೇಳಿದ ಸ್ಟೀರಿಂಗ್ ಇರುವುದು ಇಲ್ಲಿ, ಚಕ್ರದ ಮೈಯಲ್ಲಿ.

ನಡುವಿಗೆ ಬರುವ ಆ ಓಲಾಟಕ್ಕೆ ಜರ್ಮನ್ ಎಂಜಿನಿಯರ್ ಕ್ಲಿಂಗೆಲ್ 1883ರಲ್ಲೇ ಸೂತ್ರ ಕೊಟ್ಟ. ಮೆಟ್ರೊದ 86 ಸೆಂಟಿಮೀಟರ್ ವ್ಯಾಸದ ಚಕ್ರಕ್ಕೆ, 20ಕ್ಕೆ 1ರ ಇಳಿಜಾರಿಗೆ ಅದನ್ನು ಹಚ್ಚಿದರೆ ಸುಮಾರು 16 ಮೀಟರಿಗೊಂದು ಓಲಾಟ. ಖಾಲಿ ರೈಲಿನಲ್ಲಿ ಎರಡು ಕೋಚುಗಳು ಸೇರುವ ಕಡೆ ನಿಂತು ಎದುರಿನ ಕೋಚಿನ ಕಂಬಿಗಳನ್ನು ನೋಡುತ್ತಿರಿ, ನೇರದಾರಿಯಲ್ಲೂ ಅವು ಮೆಲ್ಲಗೆ ಅತ್ತಿತ್ತ ಆಡುವುದು ಕಾಣುತ್ತದೆ. ಅದಕ್ಕೆ ಬೇರೆ ಕಾರಣಗಳೂ ಇವೆ, ಇದೂ ಒಂದು. ಮೆಟ್ರೊ ವೇಗಕ್ಕೆ ಇದು ತೊಟ್ಟಿಲ ಸುಖವೇ. ವೇಗ ಏರಿದರೆ ಇದೇ ಓಲಾಟ ಹುಚ್ಚಾಟವಾಗಿ ರೈಲನ್ನು ಹಳಿ ತಪ್ಪಿಸಬಲ್ಲದು. ಜಪಾನಿನಲ್ಲಿ ಬುಲೆಟ್ ರೈಲು ಮಾಡ ಹೊರಟಾಗ ಈ ಭೂತವನ್ನು ಹಿಡಿದು ಕಟ್ಟಿದವರು ತದಾಶಿ ಮತ್ಸುದೈರಾ. ಅವರು ಹಿಂದೆ ಝೀರೊ ಯುದ್ಧವಿಮಾನ ವೇಗದಲ್ಲಿ ಅದುರಿ ಒಡೆಯುವುದೇಕೆ ಎಂದು ಅಧ್ಯಯನ ಮಾಡಿದ್ದವರು. ರೈಲಿನ ಓಲಾಟವೂ ಅದೇ ಜಾತಿಯದು ಎಂದು ಗುರುತಿಸಿದರು. 1964ರಲ್ಲಿ ಓಡತೊಡಗಿದ ಶಿಂಕಾನ್ಸೆನ್‌ನ ಚಕ್ರಗಳಿಗೆ ಇಳಿಜಾರು 40ಕ್ಕೆ 1, ನಮ್ಮ ಲೆಕ್ಕದ ಅರ್ಧ.

ಇಳಿಜಾರೇ ಬೇಡ ಎಂದವರ ಕಥೆಯೂ ಇದೆ. ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೊ ಸುತ್ತಿನ ಬಾರ್ಟ್ ರೈಲು 1972ರಲ್ಲಿ ಶುರುವಾದಾಗ ಅದರ ಚಕ್ರಗಳ ಮೈ ಸಪಾಟು. ಓಲಾಟವೇನೋ ಕಡಿಮೆಯಾಯಿತು, ತಿರುವುಗಳಲ್ಲಿ ಮಾತ್ರ ಕೀರಲು ಎಂಥದೆಂದರೆ ಪ್ರಯಾಣಿಕರು ದಶಕಗಳ ಕಾಲ ಬೈದರು. ಕೊನೆಗೆ ಇಳಿಜಾರು ಮೈಯ ಚಕ್ರಕ್ಕೇ ಬಂದರು, ಸದ್ದು ತಗ್ಗಿತು.

ಹಾಗಾದರೆ ನಮ್ಮ ಮೆಟ್ರೊ ಕಿರುಗುಟ್ಟಿದ್ದೇಕೆ? ಇಳಿಜಾರಿನ ಶಕ್ತಿಗೂ ಮಿತಿ ಇದೆ. ಫ್ಲೇಂಜ್ ತಾಗುವ ಮೊದಲು ಚಕ್ರದ ಜೋಡಿಗೆ ಸರಿಯಲು ಸಿಗುವುದು ಕೆಲವೇ ಮಿಲಿಮೀಟರ್. ಅಗಲವಾದ ತಿರುವಿಗೆ ಅಷ್ಟು ಸಾಕು. ಊರ ನಡುವೆ 120 ಮೀಟರ್ ತ್ರಿಜ್ಯದ ತಿರುವು ಸಿಕ್ಕಿದರೆ, ಚಕ್ರ ಒಂದು ಸುತ್ತು ಹಾಕುವಷ್ಟರಲ್ಲಿ ಒಳ ಹೊರಗಿನ ವ್ಯತ್ಯಾಸ ಮೂರು ಸೆಂಟಿಮೀಟರಿಗೂ ಹೆಚ್ಚು. ಇಳಿಜಾರು ತುಂಬಿಕೊಟ್ಟು ಉಳಿದದ್ದನ್ನು ಚಕ್ರ ಜಾರಿಯೇ ತೀರಿಸಬೇಕು. ಉಕ್ಕಿನ ಮೇಲೆ ಉಕ್ಕು ಅಡ್ಡಡ್ಡ ಜಾರಿ, ಹಿಡಿದು, ಮತ್ತೆ ಜಾರಿದಾಗ ಚಕ್ರವೇ ಅದುರಿ ಕೂಗುತ್ತದೆ. ಅದಕ್ಕೇ ಬಿಗಿ ತಿರುವುಗಳಲ್ಲಿ ವೇಗ ತಗ್ಗಿಸುತ್ತಾರೆ, ಹಳಿಯ ಬದಿಗೆ ಗ್ರೀಸ್ ಹಚ್ಚುತ್ತಾರೆ, ಸವೆದ ಚಕ್ರಗಳನ್ನು ಡಿಪೊದಲ್ಲಿ ಲೇತಿಗೆ ಕೊಟ್ಟು ಮತ್ತೆ ಹದಕ್ಕೆ ತರುತ್ತಾರೆ. ಸದ್ದು ಕೇಳಿ ಗಾಬರಿಯಾಗಬೇಡಿ.

ಪತ್ರದ ಕೊನೆಗೆ ಮೊಮ್ಮಗಳು ತನ್ನದೂ ಒಂದು ಸಾಲು ಸೇರಿಸಿದ್ದಾಳೆ. ಹೊಸ ರೈಲಿನ ಚಕ್ರಕ್ಕೆ ನಿಂಬೆಹಣ್ಣು ಒಡೆದರೆ ಹಳಿ ತಪ್ಪುವುದಿಲ್ಲ ಎಂದು ಪಕ್ಕದ ಮನೆಯವರು ಹೇಳುತ್ತಾರಂತೆ. ಆಯುಧಪೂಜೆಗೆ ಲೇತಿಗೂ ಲಾರಿಗೂ ಹೂವೇರಿಸಿ ಕೈಮುಗಿಯುವುದರಲ್ಲಿ ನನಗೆ ತಕರಾರಿಲ್ಲ, ದುಡಿಯುವ ಯಂತ್ರಕ್ಕೆ ಸಲ್ಲುವ ಮರ್ಯಾದೆ ಅದು. ನಿಂಬೆ ಮಾತ್ರ ಬೇಡ ಮಹರಾಯರೆ! ಏಳೆಂಟು ಟನ್ ಭಾರ ಹೊತ್ತ ಚಕ್ರ ಹಳಿಯನ್ನು ಮುಟ್ಟುವುದು ಸುಮಾರು ಒಂದು ಚದರ ಸೆಂಟಿಮೀಟರ್ ಜಾಗದಲ್ಲಿ. ಎಳೆಯುವುದು, ಬ್ರೇಕು, ತಿರುವು ಎಲ್ಲ ಅಲ್ಲಿಯೇ ಆಗಬೇಕು. ಬ್ರಿಟನ್ನಿನಲ್ಲಿ ಎಲೆ ಉದುರುವ ಕಾಲಕ್ಕೆ ಹಳಿಗಂಟಿದ ಎಲೆಯ ಲೋಳೆಯಿಂದ ರೈಲುಗಳು ಜಾರಿ ತಡವಾಗುತ್ತವೆ, ನೀರು ಚಿಮ್ಮಿಸಿ ಹಳಿ ತೊಳೆಯಲು ಬೇರೆ ರೈಲುಗಳನ್ನೇ ಓಡಿಸುತ್ತಾರೆ. ಅಂಥ ಜಾಗಕ್ಕೆ ನಾವಾಗಿಯೇ ಹಣ್ಣಿನ ಸಿಪ್ಪೆ, ರಸ ಒದಗಿಸುವುದು ರಕ್ಷೆ ಹೇಗಾದೀತು?

ಚಕ್ರದ ಮೈಯ ಆ ಒಂದು ಮಿಲಿಮೀಟರ್ ಇಳಿಜಾರು ನಮ್ಮ ಬೀದಿಗಳವರೆಗೂ ಬಂದಿದೆ. ಮೆಟ್ರೊ ಬರುವಾಗ ರಸ್ತೆ ಕೂಡುವ ಮೂಲೆಯ ಮನೆ, ಮೂಲೆಯ ಅಂಗಡಿಗಳೇ ಹೋಗುತ್ತವೆ ಎಂದು ಜನ ಸಿಟ್ಟಾಗುತ್ತಾರೆ. ಬಸ್ಸು ಅದೇ ಮೂಲೆಯಲ್ಲಿ ಗಕ್ಕನೆ ಹೊರಳುತ್ತದಲ್ಲ ಎಂದು ಕೇಳುತ್ತಾರೆ. ಬಸ್ಸಿನ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಡಿಫರೆನ್ಷಿಯಲ್ ಇದೆ, ಮುಂದಿನ ಚಕ್ರಗಳನ್ನು ಹೊರಳಿಸಲು ಸ್ಟೀರಿಂಗ್ ಇದೆ. ಮೆಟ್ರೊಗೆ ಅವೆರಡೂ ಇಲ್ಲ, ಅದಕ್ಕೆ ಮೂಲೆಯನ್ನು ಕತ್ತರಿಸಿಕೊಂಡೇ ಹೋಗಬೇಕು. ನಮ್ಮ ದೇಶದ ಸ್ಟ್ಯಾಂಡರ್ಡ್ ಗೇಜ್ ಮೆಟ್ರೊಗಳಲ್ಲಿ ಮೇಲ್ಸೇತುವೆಯ ತಿರುವಿಗೆ ಸಾಮಾನ್ಯವಾಗಿ 120 ಮೀಟರ್ ತ್ರಿಜ್ಯವಾದರೂ ಬೇಕು ಎನ್ನುವುದು ಇದಕ್ಕೇ. ಅಜ್ಜನ ಊರ ಕಡೆಯ ಬೋಡಿನಾಯಕ್ಕನೂರಿನಿಂದ ಬೋಡಿಮೆಟ್ಟಿಗೆ ಬಸ್ಸು ಹೇರ್‌ಪಿನ್ ತಿರುವುಗಳಲ್ಲಿ ಹತ್ತುತ್ತದೆ, ಬೋಡಿಗೆ ಬಂದ ರೈಲು ಆ ಹಾದಿ ಹಿಡಿಯಲಾರದು. ನಿಮ್ಮ ಬಡಾವಣೆಗೆ ಹೊಸ ಮಾರ್ಗದ ನಕ್ಷೆ ಬಂದಾಗ ನಿಲ್ದಾಣದ ಹೆಸರು ಏನಿರಬೇಕು ಎಂದು ಜಗಳವಾಡುವ ಮೊದಲು ತಿರುವಿನ ತ್ರಿಜ್ಯ ಎಷ್ಟು ಎಂದು ಕೇಳಿ. ಯಾರ ಜಾಗ ಉಳಿಯುತ್ತದೆ, ಯಾರ ಮನೆಯ ಪಕ್ಕ ಚಕ್ರ ಕೂಗುತ್ತದೆ ಎನ್ನುವುದರ ಬಹುಪಾಲು ಆ ಒಂದು ಅಂಕಿಯಲ್ಲಿರುತ್ತದೆ.