ಬಿಯರಿನ ಲೆಕ್ಕ ಹಾಕುವ ಆ್ಯಪ್

ಕಡಬ, ಸುಳ್ಯದ ಕಡೆ ತೆಂಗು, ಬೈನೆ ಹತ್ತಿ ಮೂರ್ತೆ ಮಾಡಿ ಕಳ್ಳು ಇಳಿಸುವವರಿಗೆ ಲೆಕ್ಕದ ಪುಸ್ತಕ ಬೇಡ. ಮರದ ರಸದಲ್ಲೇ ಸಕ್ಕರೆ ಇದೆ, ಯೀಸ್ಟ್ ತಾನಾಗಿ ಬಂದು ಸೇರುತ್ತದೆ. ಬೆಳಗ್ಗೆ ಸಿಹಿಯಾಗಿದ್ದದ್ದು ಹೊತ್ತು ಏರಿದಂತೆ ಹುಳಿಯಾಗುತ್ತದೆ. ಬಿಯರ್ ಹಾಗಲ್ಲ. ಬಾರ್ಲಿಯಲ್ಲಿರುವುದು ಪಿಷ್ಟ. ಮೊಳಕೆ ಬರಿಸಿ ಒಣಗಿಸಿದ ಕಾಳನ್ನು, ಅಂದರೆ ಮಾಲ್ಟನ್ನು, ನುಚ್ಚು ಮಾಡಿ 65 ಡಿಗ್ರಿಯ ಆಸುಪಾಸಿನ ಬಿಸಿನೀರಲ್ಲಿ ನೆನೆಸಿದರೆ ಮಾತ್ರ ಸಕ್ಕರೆ ಹೊರಬರುತ್ತದೆ. ಎಷ್ಟು ಬರುತ್ತದೆ ಎಂದು ಮೊದಲೇ ಅಂದಾಜು ಮಾಡಿಕೊಡುವುದು ಬಿಯರ್‌ಸ್ಮಿತ್, ಬ್ರೂಫಾದರ್‌ನಂಥ ಆ್ಯಪ್‌ಗಳ ಕೆಲಸ.

ಒಂದು ಮಾತು ಮೊದಲೇ ಹೇಳಬೇಕು. 1965ರ ಕರ್ನಾಟಕ ಅಬಕಾರಿ ಕಾಯ್ದೆಯಂತೆ ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲ, ಮನೆಮಟ್ಟಿಗೂ ಇಲ್ಲ. ಅಮೆರಿಕದಲ್ಲಿ 1978ರ ಕಾನೂನು ಮನೆಬಳಕೆಗೆ ಮನೆಯಲ್ಲೇ ತಯಾರಿಸುವ ಬಿಯರಿನ ತೆರಿಗೆ ತೆಗೆದುಹಾಕಿತು. ಅಂಥ ಕಡೆ ನೆಲೆಸಿರುವ ನಮ್ಮೂರಿನವರಿಗೆ, ಬೆಂಗಳೂರಿನ ಮೈಕ್ರೋಬ್ರೂವರಿಗಳಲ್ಲಿ ಕೆಲಸ ಕಲಿಯುವವರಿಗೆ ಈ ಲೆಕ್ಕ ನೇರ ಉಪಯೋಗಕ್ಕೆ ಬರುತ್ತದೆ.

20 ಲೀಟರ್ ಬಿಯರಿಗೆ ನಾಲ್ಕೂವರೆ ಕಿಲೋ ಮಾಲ್ಟ್ ಎಂದು ಆ್ಯಪ್‌ನಲ್ಲಿ ಬರೆಯಿರಿ. ಒಂದು ಕಿಲೋದಿಂದ ಹೆಚ್ಚೆಂದರೆ ಸುಮಾರು 300 ಅಂಕದಷ್ಟು ಸಕ್ಕರೆ ಸಿಗುತ್ತದೆ ಎಂಬುದು ಆ್ಯಪ್‌ನ ಪಟ್ಟಿಯಲ್ಲಿದೆ; ಒಟ್ಟು 1350. ಪಾತ್ರೆ, ಜಾಲರಿ, ನುಚ್ಚಿನ ಗಾತ್ರ ನೋಡಿಕೊಂಡು ಅದರಲ್ಲಿ ಶೇ. 70 ಕೈಗೆ ಬಂತು ಎನ್ನೋಣ: 945. ಅದನ್ನು 20ರಿಂದ ಭಾಗಿಸಿದರೆ 47. ಸಾಂದ್ರತೆ ಅಳೆಯುವ ಹೈಡ್ರೋಮೀಟರಿನಲ್ಲಿ, ನೀರಿನ 1.000ದ ಮೇಲೆ ಈ 47 ಸೇರಿ, 1.047 ಕಾಣಬೇಕು. ಯೀಸ್ಟ್ ಆ 47ರ ಮುಕ್ಕಾಲು ಪಾಲು ತಿಂದರೆ ಉಳಿಯುವುದು 1.012. ಎರಡರ ವ್ಯತ್ಯಾಸವನ್ನು 131.25ರಿಂದ ಗುಣಿಸಿ: ಆಲ್ಕೋಹಾಲ್ ಶೇ. 4.6. ಕೈಗೆ ಬಂದದ್ದು ಶೇ. 60 ಮಾತ್ರ ಆದರೆ ಅದೇ ಮಾಲ್ಟಿನಿಂದ ಶೇ. 4ರ ತೆಳು ಬಿಯರ್. ಆ್ಯಪ್ ಸುಳ್ಳು ಹೇಳಿತೆಂದು ಬೈಯುವವರು ಹೆಚ್ಚಾಗಿ ಎಡವುವುದು ಇಲ್ಲೇ. ಆ 70 ಯಾರದೋ ಪಾತ್ರೆಯ ಲೆಕ್ಕ. ಮೊದಲ ಸಲ ಅಳೆದು, ನಿಮ್ಮ ಅಂಕೆಯನ್ನೇ ತುಂಬಿ.

ಕಹಿ ಕೊಡುವುದು ಹಾಪ್ಸ್ ಎಂಬ ಬಳ್ಳಿಯ ಹೂ. ಅದೇ 20 ಲೀಟರಿಗೆ, ಕಹಿಯ ಮೂಲವಾದ ಆಲ್ಫಾ ಆಮ್ಲ ಶೇ. 5 ಇರುವ 30 ಗ್ರಾಂ ಹಾಪ್ಸನ್ನು ಒಂದು ಗಂಟೆ ಕುದಿಸಿದರೆ, ಗ್ಲೆನ್ ಟಿನ್ಸೆತ್ ಅವರ ಸೂತ್ರದಂತೆ ಕಹಿಯ ಅಳತೆ (ಐಬಿಯು) ಸುಮಾರು 18. ಕೊನೆಯ ಹತ್ತು ನಿಮಿಷ ಮಾತ್ರ ಹಾಕಿದರೆ 6. ಆದರೆ ಪರಿಮಳ ಉಳಿಯುತ್ತದೆ.

ಆ್ಯಪ್‌ನಲ್ಲಿ ನೀರಿನ ಪುಟವನ್ನು ಅನೇಕರು ಹಾರಿಸಿಬಿಡುತ್ತಾರೆ, ಅದು ಸರಿಯಲ್ಲ. ನಮ್ಮ ಮುರಕಲ್ಲಿನ ನೆಲದ ಬಾವಿನೀರು ಸಾಮಾನ್ಯವಾಗಿ ಮೆದು, ಸೋಪಿನ ನೊರೆ ಚೆನ್ನಾಗಿ ಬರುತ್ತದೆ. ಪಿಲ್ಸ್‌ನರ್ ಬಿಯರ್ ಹುಟ್ಟಿದ ಪಿಲ್ಸೆನ್ ಊರಿನ ನೀರೂ ಅಂಥದ್ದೇ. ಗಡಸು ನೀರಿನ ಊರಲ್ಲಿ ಪಿಲ್ಸ್‌ನರಿನ ಅದೇ ಪಟ್ಟಿ ಹಿಡಿದರೆ ಕಹಿ ಒರಟಾಗುತ್ತದೆ. ನಿಮ್ಮ ನಲ್ಲಿನೀರಿನ ವರದಿ ನೋಡಿ ಅಂಕೆ ಕೊಟ್ಟರೆ, ಯಾವ ಲವಣ ಎಷ್ಟು ಗ್ರಾಂ ಬೇಕೆಂದು ಆ್ಯಪ್ ಹೇಳುತ್ತದೆ.

ಸೆಖೆಯೂ ಲೆಕ್ಕ ತಪ್ಪಿಸುತ್ತದೆ. 20 ಡಿಗ್ರಿಗೆ ಹೊಂದಿಸಿದ ಹೈಡ್ರೋಮೀಟರ್ 30 ಡಿಗ್ರಿಯಲ್ಲಿ 1.050 ತೋರಿಸಿದರೆ ನಿಜವಾದದ್ದು 1.053ರ ಹತ್ತಿರ, ಉಷ್ಣತೆ ಬರೆದರೆ ಆ್ಯಪ್ ತಿದ್ದುತ್ತದೆ. ಹುದುಗು ನಿಂತಿತೋ ಇಲ್ಲವೋ ಎಂಬುದನ್ನು ಮಾತ್ರ ಆ್ಯಪ್ ಕೊಡುವ ತಾರೀಕು ನೋಡಿ ನಂಬಬೇಡಿ. ಎರಡು ಮೂರು ದಿನ ಅಳೆದರೂ ಅಂಕೆ ಅಲುಗದಿದ್ದರೆ ಆಮೇಲೆ ಬಾಟಲಿಗೆ ತುಂಬಿ. ಸಕ್ಕರೆ ಉಳಿದಿರುವಾಗಲೇ ಮುಚ್ಚಳ ಬಿಗಿದರೆ ಒಳಗೆ ಗ್ಯಾಸ್ ತುಂಬಿ ಗಾಜು ಸಿಡಿಯಬಹುದು.