ಹಂಡೆಗೂ ಹಸುಗೂಸಿಗೂ ಒಂದೇ ಲೆಕ್ಕ

ಉಡುಪಿ ಜಿಲ್ಲೆಯಲ್ಲಿ ಚಳಿ ಬಂತೋ ಇಲ್ಲವೋ ಎಂದು ತಿಳಿಯಲು ಹವಾಮಾನ ವರದಿ ಬೇಡ, ಬಚ್ಚಲಿನ ಗೂಡಿನಲ್ಲಿಟ್ಟ ತೆಂಗಿನೆಣ್ಣೆಯ ಬಾಟಲಿ ಸಾಕು. ತೆಂಗಿನೆಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗತೊಡಗುತ್ತದೆ. ಡಿಸೆಂಬರಿನಲ್ಲಿ ಕಾರ್ಕಳದ ಮನೆಯೊಂದರಲ್ಲಿ ಬೆಳಿಗ್ಗೆ ಬಾಟಲಿ ಕವುಚಿ ಹಿಡಿದರೂ ಹನಿ ಬೀಳದಿದ್ದಾಗ, ಕಾಪುವಿನ ಕಡಲ ಬದಿಯ ಮನೆಯಲ್ಲಿ ಅದೇ ಎಣ್ಣೆ ಬರೀ ಮಸುಕಾಗಿ, ತಳದಲ್ಲಿ ಒಂದಿಷ್ಟು ಬಿಳಿ ಕಟ್ಟಿಕೊಂಡಿರುತ್ತದೆ. ಕಾಪುವಿನ ಪಕ್ಕದಲ್ಲೇ ಅರಬ್ಬೀ ಸಮುದ್ರವಿದೆ. ಚಳಿಗಾಲದಲ್ಲೂ ಅದರ ನೀರು 27–28 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಕಾರ್ಕಳ ಘಟ್ಟದ ಬುಡಕ್ಕೆ ಹತ್ತಿರ. ರಾತ್ರಿ ಆಕಾಶ ತಿಳಿಯಾಗಿದ್ದರೆ ನೆಲ ಬಿಸಿಯನ್ನು ಬೇಗ ಬಿಟ್ಟುಕೊಡುತ್ತದೆ, ತಣಿದ ಗಾಳಿ ಇಳಿಜಾರಿನಲ್ಲಿ ಜಾರಿ ಬಂದು ತಗ್ಗಿನಲ್ಲಿ ನಿಲ್ಲುತ್ತದೆ, ಗದ್ದೆಗಳ ಮೇಲೆ ಮಂಜು ಕೂರುತ್ತದೆ.

ಹೇಳಿಕೊಳ್ಳುವಂಥ ಚಳಿಯೇನಲ್ಲ. ಉಷ್ಣತೆ ಇಪ್ಪತ್ತರ ಆಸುಪಾಸಿಗೆ ಇಳಿಯುತ್ತಲೇ ಸ್ವೆಟರು, ಮಫ್ಲರು, ಮಂಕಿಕ್ಯಾಪು ಎಲ್ಲ ಕಪಾಟಿನಿಂದ ಹೊರಬರುತ್ತವೆ; ಹನ್ನೊಂದು ಗಂಟೆಗೆ ಮತ್ತೆ ಫ್ಯಾನು ಬೇಕು. ಬೀದರಿನವರು ಕೇಳಿದರೆ ನಕ್ಕಾರು. ಆದರೆ ಸಣ್ಣ ಮಕ್ಕಳಿರುವ ಮನೆಗೆ ಬೆಳಗಿನ ಆ ಎರಡು ಮೂರು ಗಂಟೆಯೇ ದೊಡ್ಡ ತಾಪತ್ರಯ. ಶಾಲೆಯ ವ್ಯಾನು ಬರುವ ಮೊದಲು ಒಂದನ್ನು ಮೀಯಿಸಬೇಕು, ಇನ್ನೊಂದು ಮೀಯಲು ಒಪ್ಪಬೇಕು, ತೊಟ್ಟಿಲಿನಲ್ಲಿರುವುದಕ್ಕೆ ಎಣ್ಣೆ ಹಚ್ಚಬೇಕು. ಈ ತಾಪತ್ರಯಕ್ಕೆ ಕರಾವಳಿ ಕಂಡುಕೊಂಡ ಯಂತ್ರ ಹಂಡೆ. ಸ್ವಿಚ್ಚಿಲ್ಲ, ತಿರುಗುವ ಭಾಗವಿಲ್ಲ, ಆದರೂ ಯಂತ್ರವೇ.

ದೀಪಾವಳಿಯ ಮುನ್ನಾದಿನ ಸಂಜೆ, ನೀರು ತುಂಬುವ ಹಬ್ಬದಂದು, ಇದನ್ನು ಉಜ್ಜಿ ತೊಳೆದು, ಶೇಡಿಯಿಂದ ಗೆರೆ ಎಳೆದು, ಕುತ್ತಿಗೆಗೆ ಹೂವಿನ ಮಾಲೆ ಹಾಕಿ ಬಾವಿ ನೀರು ತುಂಬಿಸುತ್ತಾರೆ. ಆ ದಿನ ಹತ್ತಿರ ಹೋಗಿ ನೋಡಿದರೆ ಅದರ ಕಸುಬು ಅರ್ಥವಾಗುತ್ತದೆ. ಬುಡ ದುಂಡಗಿದೆ, ಜ್ವಾಲೆ ಒಂದೇ ಕಡೆ ಬಡಿದು ಹೋಗದೆ ಹೊಟ್ಟೆಯ ಸುತ್ತ ಹರಡಿ ಏರುತ್ತದೆ. ಹೊಟ್ಟೆ ದೊಡ್ಡದು, ಬಾಯಿ ಕಿರಿದು. ಆವಿಯಾಗಿ ಓಡಿಹೋಗುವ ದಾರಿ ಸಣ್ಣದು. ಹೊಟ್ಟೆಯ ಸುತ್ತ ಮಣ್ಣು, ಮುರಕಲ್ಲಿನ ದಪ್ಪ ಕಟ್ಟೆ. ಕೆಳಗೆ ಒಲೆಬಾಯಿ. ಒಳಗೆ ಬುಡ ಸೇರಿದ ನೀರು ಕಾದು ಹಗುರವಾಗಿ ಮೇಲೇರುತ್ತದೆ, ಮೇಲಿನ ತಣ್ಣೀರು ಕೆಳಗಿಳಿಯುತ್ತದೆ, ಯಾರೂ ಕೈಯಾಡಿಸಬೇಕಾಗಿಲ್ಲ. ಬೆಂಕಿ ಆರಿದ ಮೇಲೂ ಅತಿ ಬಿಸಿ ನೀರು ಬಾಯಿಯ ಹತ್ತಿರವೇ ನಿಂತಿರುತ್ತದೆ. ಹಾಗಾಗಿ ಮೊದಲ ಚೆಂಬು ಯಾವಾಗಲೂ ಹೆಚ್ಚು ಬಿಸಿ. ಮಕ್ಕಳದ್ದು ಮೊದಲ ಪಾಳಿಯಾಗಿರುವ ಮನೆಗಳಲ್ಲಿ ಇದನ್ನು ನೆನಪಿಡಬೇಕು.

ತಾಮ್ರದ ಹಂಡೆಯಲ್ಲಿ ನೀರು ಬೇಗ ಕಾಯುತ್ತದೆ ಎಂಬ ಮಾತು ಎಲ್ಲರ ಬಾಯಲ್ಲೂ ಇದೆ. ತಾಮ್ರ ಒಳ್ಳೆಯ ಉಷ್ಣವಾಹಕ ಎಂದು ಶಾಲೆಯಲ್ಲೇ ಕಲಿತಿದ್ದೇವೆ; ಸ್ಟೇನ್‌ಲೆಸ್ ಸ್ಟೀಲಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು. ಆದರೆ ಹಂಡೆಯ ಮಟ್ಟಿಗೆ ಆ ಗುಣಕ್ಕೆ ಅಷ್ಟೇನೂ ಬೆಲೆ ಇಲ್ಲ. ಶಾಖಕ್ಕೆ ದಾರಿಯಲ್ಲಿ ಎದುರಾಗುವ ದೊಡ್ಡ ಅಡ್ಡಿ ಲೋಹವಲ್ಲ, ಲೋಹಕ್ಕೆ ಅಂಟಿದಂತೆ ನಿಂತಿರುವ ಬಿಸಿಗಾಳಿಯ ತೆಳು ಪದರ. ಎರಡು ಮಿಲಿಮೀಟರ್ ದಪ್ಪದ ತಗಡನ್ನು ದಾಟುವ ಕಷ್ಟ ಅದರ ಮುಂದೆ ಲೆಕ್ಕಕ್ಕೇ ಬರುವುದಿಲ್ಲ, ತಗಡು ತಾಮ್ರದ್ದಾದರೂ ಅಷ್ಟೆ, ಸ್ಟೀಲಿನದಾದರೂ ಅಷ್ಟೆ. ತಾಮ್ರ ಗೆದ್ದದ್ದು ಬೇರೆ ಕಾರಣಕ್ಕೆ. ಬಡಿದು ದುಂಡಗೆ ಮಾಡಬಹುದು, ಕಬ್ಬಿಣದಂತೆ ತುಕ್ಕು ಹಿಡಿದು ತೂತಾಗುವುದಿಲ್ಲ, ಅಜ್ಜಿಯ ಕಾಲದ್ದು ಮೊಮ್ಮಗಳ ಕಾಲಕ್ಕೂ ಬರುತ್ತದೆ, ಬೇಡವಾದ ದಿನ ಗುಜರಿಯವನೂ ಒಳ್ಳೆಯ ದುಡ್ಡು ಕೊಡುತ್ತಾನೆ. ಬುಡದ ಮಸಿಯ ಕತೆಯೂ ಹೀಗೆಯೇ ಎರಡು ಮುಖದ್ದು. ತೆಳ್ಳಗಿನ ಕಪ್ಪು ಬೆಂಕಿಯ ಕಿರಣವನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ, ಹಾಗಾಗಿ ಹಂಡೆಯ ಬುಡವನ್ನು ಫಳಫಳ ಮಾಡುವ ಹಟ ಬೇಡ. ದಪ್ಪಗೆ ಹಕ್ಕಳೆಯಾಗಿ ಕೂತ ಮಸಿ ಮಾತ್ರ ಶಾಖಕ್ಕೇ ಅಡ್ಡ. ಅದನ್ನು ಕೆರೆದು ತೆಗೆಯಬೇಕು.

ಇನ್ನು ಉರುವಲು. ಒಣ ಮಡಲು ಭಗ್ಗೆಂದು ಹತ್ತಿ ಐದು ನಿಮಿಷದಲ್ಲಿ ಮುಗಿಯುತ್ತದೆ. ಅದು ಬೆಂಕಿ ಎಬ್ಬಿಸಲಿಕ್ಕೆ. ಗೆರಟೆ ದಟ್ಟವಾದ ವಸ್ತು, ಬಿಸಿ ಹೆಚ್ಚು, ಕೆಂಡ ಗಟ್ಟಿ. ತೆಂಗಿನ ಸಿಪ್ಪೆ ನಿಧಾನವಾಗಿ ಕನಲುತ್ತಾ ಗಂಟೆಗಟ್ಟಲೆ ಇರುತ್ತದೆ, ರಾತ್ರಿ ತುರುಕಿಟ್ಟರೆ ಬೆಳಿಗ್ಗೆಯೂ ಬೂದಿಯಡಿ ಕೆಂಪು ಕಾಣುತ್ತದೆ. ಯಾವುದೇ ಆಗಲಿ, ಒಣಗಿರಬೇಕು. ಒಂದು ಕಿಲೋ ಹಸಿ ಕಟ್ಟಿಗೆಯೊಳಗಿನ ನೀರನ್ನು ಆವಿ ಮಾಡಲಿಕ್ಕೇ ಬೆಂಕಿಯ ಒಂದು ಪಾಲು ಹೋಗುತ್ತದೆ, ಮೇಲೆ ಹೊಗೆ ಬೇರೆ. ಇದು ಉಡುಪಿಗೆ ಹೇಳಿಕೊಡಬೇಕಾದ ವಿದ್ಯೆಯಲ್ಲ. ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ನಡೆಯುವ ಕೃಷ್ಣಮಠದ ಪರ್ಯಾಯಕ್ಕೆ ತಿಂಗಳುಗಟ್ಟಲೆ ಮೊದಲೇ ಕಟ್ಟಿಗೆ ಮುಹೂರ್ತ ಮಾಡಿ, ಸೌದೆಯನ್ನು ರಥದ ಆಕಾರದಲ್ಲಿ ಪೇರಿಸಿಡುವ ಊರು ಇದು. ಸಂದಿ ಬಿಟ್ಟು ಪೇರಿಸಿದ ಸೌದೆಯೊಳಗೆ ಗಾಳಿ ಆಡುತ್ತದೆ; ಅಲಂಕಾರವೂ ಆಯಿತು, ಒಣಗಿಸಿದ್ದೂ ಆಯಿತು.

ಒಲೆಯ ಬಗ್ಗೆ ಮಾತ್ರ ನಮ್ಮ ಹಿರಿಯರನ್ನು ಹೊಗಳಲಾರೆ. ಹಳೆಯ ಬಚ್ಚಲೊಲೆಯಲ್ಲಿ ಸುಟ್ಟ ಸೌದೆಯ ಶಾಖದ ಹೆಚ್ಚಿನ ಪಾಲು ನೀರಿಗೆ ಸೇರುವುದೇ ಇಲ್ಲ. ಒಲೆಬಾಯಿಯಿಂದ ಹೊರಗೆ, ಮಾಡಿನ ಸಂದಿಯಿಂದ ಮೇಲಕ್ಕೆ. ಜತೆಗೆ ಹೊಗೆ. ಚಳಿಗೆಂದು ಒಲೆಯ ಮುಂದೆ ಕುಕ್ಕುರುಗಾಲಲ್ಲಿ ಕೂತು ಕೈಕಾಯಿಸುವ ಮಕ್ಕಳ ಶ್ವಾಸನಾಳ ಸಪೂರ, ಉಸಿರಾಟದ ವೇಗ ದೊಡ್ಡವರಿಗಿಂತ ಹೆಚ್ಚು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರು ಆರಂಭಿಸಿದ ‘ಅಸ್ತ್ರ’ ಕೇಂದ್ರ ಇಂಥ ಒಲೆಗಳನ್ನೇ ಹಿಡಿದು ಕೂತಿತು. ಅಲ್ಲಿಂದ ಬಂದ ಅಸ್ತ್ರ ಒಲೆಯ ಗುಟ್ಟು ಸರಳ: ಬೆಂಕಿಗೆ ಮುಚ್ಚಿದ ಗೂಡು, ಸೌದೆಯ ಕೆಳಗೆ ಜಾಲರಿ, ಬೇಕಷ್ಟೇ ಗಾಳಿ, ಹೊಗೆಗೆ ಚಿಮಣಿ. ಹಂಡೆಯ ಒಲೆಗೂ ಇಷ್ಟು ಮಾಡಿಸಿದರೆ ಸೌದೆ ಗಣನೀಯವಾಗಿ ಉಳಿಯುತ್ತದೆ, ಕಣ್ಣೂ ಉರಿಯುವುದಿಲ್ಲ.

ಇಷ್ಟಾದ ಮೇಲೆ ಹಂಡೆಯ ನಿಜವಾದ ಶಕ್ತಿಗೆ ಬರೋಣ. ಸಂಜೆ ಕಾಯಿಸಿ ಮುಚ್ಚಿಟ್ಟ ಹಂಡೆಯಲ್ಲಿ ಬೆಳಿಗ್ಗೆಯೂ ನೀರು ಬೆಚ್ಚಗಿರುತ್ತದೆ. ಅದೇ ನೀರನ್ನು ಚೆಂಬಿನಲ್ಲಿಟ್ಟರೆ ಗಂಟೆ ಕಳೆಯುವಷ್ಟರಲ್ಲಿ ಆರಿಹೋಗುತ್ತದೆ. ಮಣ್ಣಿನ ಕಟ್ಟೆ, ಬೂದಿಯಡಿಯ ಕೆಂಡ ಸಹಾಯ ಮಾಡುತ್ತವೆ, ಸರಿ. ಆದರೆ ಮುಖ್ಯ ಕಾರಣ ಗಾತ್ರ. ವಸ್ತು ಶಾಖ ಕಳೆದುಕೊಳ್ಳುವುದು ಮೈಯ ಮೂಲಕ, ಇಟ್ಟುಕೊಳ್ಳುವುದು ಹೊಟ್ಟೆಯಲ್ಲಿ. ಒಂದು ಗೋಳದ ಅಡ್ಡಳತೆಯನ್ನು ಎರಡು ಪಟ್ಟು ಮಾಡಿದರೆ ಮೇಲ್ಮೈ ನಾಲ್ಕು ಪಟ್ಟಾಗುತ್ತದೆ, ಒಳಗೆ ಹಿಡಿಯುವ ನೀರು ಎಂಟು ಪಟ್ಟು. 60 ಲೀಟರಿನ ಗೋಳಾಕಾರದ ಹಂಡೆಯಲ್ಲಿ ಪ್ರತಿ ಲೀಟರ್ ನೀರಿಗೆ ಇರುವ ಮೇಲ್ಮೈ ಒಂದು ಲೀಟರಿನ ಗೋಳದಲ್ಲಿ ಇರುವುದರ ಕಾಲು ಭಾಗ ಮಾತ್ರ. ಸಂಚಿ ದೊಡ್ಡದು, ಸೋರುವ ದಾರಿ ಚಿಕ್ಕದು.

ಬಚ್ಚಲಿನಲ್ಲಿ ಹಂಡೆಯ ಪಕ್ಕ ಮಣೆಯ ಮೇಲೆ, ಕಾಲು ನೀಡಿ ಕೂತ ಅಜ್ಜಿಯ ಕಾಲಮೇಲೆ ಮಲಗಿರುವ ಕೂಸಿಗೂ ಇದೇ ಗಣಿತ, ಆದರೆ ತಿರುಗುಮುರುಗು. ಮೂರು ಕಿಲೋದ ನವಜಾತ ಶಿಶುವಿಗೆ ಚರ್ಮದ ವಿಸ್ತೀರ್ಣ ಸುಮಾರು 0.2 ಚದರ ಮೀಟರ್. ಅರುವತ್ತು ಕಿಲೋದ ಅಮ್ಮನಿಗೆ ಸುಮಾರು 1.65. ಕಿಲೋಗೆ ಭಾಗಿಸಿ ನೋಡಿದರೆ ಮಗುವಿನ ಪಾಲು ಅಮ್ಮನ ಎರಡೂವರೆ ಪಟ್ಟು. ‘ನನಗೇನೂ ಚಳಿಯಾಗುವುದಿಲ್ಲ, ಮಗುವಿಗೆ ಯಾಕಾಗಬೇಕು’ ಎನ್ನುವ ಅಪ್ಪಂದಿರು ಈ ಅಂಕಿಯನ್ನು ಬಾಯಿಪಾಠ ಮಾಡುವುದು ಒಳ್ಳೆಯದು. ಅದೂ ಅಲ್ಲದೆ ಹುಟ್ಟಿದ ಮಗು ದೊಡ್ಡವರ ಹಾಗೆ ನಡುಗಿ ಬಿಸಿ ಮಾಡಿಕೊಳ್ಳಲಾರದು. ಅದರ ಬದಲಿಗೆ ಹೆಗಲ ಮೂಳೆಗಳ ನಡುವೆ, ಕುತ್ತಿಗೆಯ ಸುತ್ತ, ಮೂತ್ರಪಿಂಡದ ಬಳಿ ಕಂದು ಕೊಬ್ಬು ಎಂಬುದೊಂದು ಇರುತ್ತದೆ. ಸಾಮಾನ್ಯ ಕೊಬ್ಬು ಶಕ್ತಿಯನ್ನು ಕೂಡಿಡುತ್ತದೆ. ಕಂದು ಕೊಬ್ಬಿನ ಜೀವಕೋಶಗಳು ಅದನ್ನು ನೇರವಾಗಿ ಶಾಖ ಮಾಡಿ ಖರ್ಚುಮಾಡುತ್ತವೆ. ಆ ದಾಸ್ತಾನು ಮಿತವಾದದ್ದು. ಹುಟ್ಟಿದ ಮಗುವಿಗೆ ಕನಿಷ್ಠ 24 ಗಂಟೆ ಸ್ನಾನ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದಕ್ಕೆ ಇದೂ ಒಂದು ಕಾರಣ.

ಮಗುವಿಗೆ ಚಳಿ ಹಿಡಿಯುವುದು ನೀರು ಹೊಯ್ಯುವಾಗ ಅಲ್ಲ, ನಿಲ್ಲಿಸಿದ ಮೇಲೆ. ಒಂದು ಗ್ರಾಂ ನೀರು ಚರ್ಮದ ಮೇಲಿಂದ ಆವಿಯಾಗಿ ಹೋಗಬೇಕಾದರೆ ಸುಮಾರು 2.4 ಕಿಲೋಜೌಲ್ ಶಾಖ ಬೇಕು. ಎಂಟು ಕಿಲೋದ ಮಗುವಿನ ಮೈಗೆ ಇಪ್ಪತ್ತು ಗ್ರಾಂ ನೀರು ಅಂಟಿಕೊಂಡಿದೆ ಎಂದಿಟ್ಟುಕೊಳ್ಳಿ. ಅದೆಲ್ಲ ಆರಲು ಬೇಕಾದ ಬಿಸಿ ಪೂರ್ತಿ ಮಗುವಿನ ಮೈಯಿಂದಲೇ ಹೋದರೆ ಮೈಬಿಸಿ ಒಂದೂವರೆ ಡಿಗ್ರಿಗಿಂತ ಹೆಚ್ಚು ಇಳಿಯಬೇಕಾಗುತ್ತದೆ. ನಿಜಕ್ಕೂ ಅಷ್ಟಾಗುವುದಿಲ್ಲ, ಒಂದು ಪಾಲು ಗಾಳಿಯಿಂದ ಬರುತ್ತದೆ, ದೇಹವೂ ಹೊಸದಾಗಿ ಶಾಖ ಹುಟ್ಟಿಸುತ್ತದೆ. ಆದರೂ ಬೈರಾಸಿನ ಕೆಲಸ ಎಂಥದ್ದೆಂದು ಗೊತ್ತಾಗಲು ಇಷ್ಟು ಸಾಕು. ಡಿಸೆಂಬರ್–ಜನವರಿಯಲ್ಲಿ ರಾತ್ರಿಯಿಂದ ಬೆಳಗಿನವರೆಗೆ ಗಾಳಿ ನೆಲದ ಕಡೆಯಿಂದ ಕಡಲಿಗೆ ಬೀಸುತ್ತದೆ. ಮಳೆಗಾಲದ ಗಾಳಿಗಿಂತ ಅದು ಒಣ. ನೀರು ಬೇಗ ಆರುತ್ತದೆ, ತುಟಿಯೂ ಒಡೆಯುತ್ತದೆ. ಮೊದಲು ಒರೆಸಬೇಕಾದದ್ದು ತಲೆ. ಕೂಸಿನ ಮೈಯ ಹೆಚ್ಚುಕಡಿಮೆ ಐದರಲ್ಲೊಂದು ಪಾಲು ತಲೆಯೇ. ದೊಡ್ಡವರಲ್ಲಿ ಅದು ಹತ್ತರಲ್ಲೊಂದೂ ಇಲ್ಲ. ಬೈರಾಸನ್ನು ಹಂಡೆಯ ಕಟ್ಟೆಯ ಮೇಲೆ ಹರಡಿ ಬೆಚ್ಚಗೆ ಮಾಡಿಟ್ಟುಕೊಳ್ಳುವ ಅಭ್ಯಾಸ ಕೆಲವು ಮನೆಗಳಲ್ಲಿದೆ. ಒಲೆಬಾಯಿಯಿಂದ ದೂರ ಇದ್ದರೆ ಒಳ್ಳೆಯ ಅಭ್ಯಾಸವೇ.

ಅಪಾಯ ಇರುವುದು ನೀರು ಹದ ಮಾಡುವಲ್ಲಿ. ಹಂಡೆಗೆ ಥರ್ಮೋಸ್ಟಾಟ್ ಇಲ್ಲ, ಒಳಗಿನ ನೀರು ಐವತ್ತೋ ತೊಂಬತ್ತೋ ಹೊರಗಿನಿಂದ ಗೊತ್ತಾಗುವುದಿಲ್ಲ. ಅರುವತ್ತು ಡಿಗ್ರಿಯ ನೀರು ದೊಡ್ಡವರ ಚರ್ಮವನ್ನೇ ಐದಾರು ಸೆಕೆಂಡಿನಲ್ಲಿ ಆಳವಾಗಿ ಸುಡಬಲ್ಲದು. ಮಕ್ಕಳ ಚರ್ಮ ಇನ್ನೂ ತೆಳು. ಅರುವತ್ತರ ಎರಡು ಚೆಂಬು, 22 ಡಿಗ್ರಿಯ ಮೂರು ಚೆಂಬು ಸೇರಿದರೆ 37ರ ಹದ ಬರುತ್ತದೆ. ಹಂಡೆ ತೊಂಬತ್ತಕ್ಕೆ ಕಾದಿದ್ದರೆ ಒಂದಕ್ಕೆ ಮೂರೂವರೆ ತಣ್ಣೀರು ಬೇಕು. ನಿನ್ನೆಯ ಅಳತೆ ಇವತ್ತಿಗೆ ಆಗುವುದಿಲ್ಲ ಎಂದಾಯಿತು. ಆದ್ದರಿಂದ ಬಾಲ್ದಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು, ಚೆನ್ನಾಗಿ ಕಲಕಿ ಮೊಣಕೈ ಅದ್ದಿ ನೋಡುವುದು. ಬೆಂಕಿ ದೂಡಿ ದೂಡಿ ಬಿಸಿಗೆ ಒಗ್ಗಿಹೋದ ಅಂಗೈ ನಂಬಿಕೆಗೆ ಯೋಗ್ಯವಲ್ಲ. ಮೊದಲು ಬಿಸಿ ಸುರಿದು ತಣ್ಣೀರು ತರಲು ಆಚೆ ಹೋದ ಅರೆಗಳಿಗೆಯಲ್ಲಿ ಅಂಬೆಗಾಲಿನ ಮಗು ಬಾಲ್ದಿಯ ಅಂಚು ಹಿಡಿದು ಎದ್ದು ನಿಂತಿರುತ್ತದೆ.

ಆ ತಣ್ಣೀರು ಎಲ್ಲಿಯದು ಎನ್ನುವುದೂ ಮುಖ್ಯ. ಬಾವಿಯ ಆಳಕ್ಕೆ ಹಗಲು–ರಾತ್ರಿಯ ಏರಿಳಿತ ತಲುಪುವುದಿಲ್ಲ. ಅಂತರ್ಜಲ ಆಯಾ ಊರಿನ ವರ್ಷದ ಸರಾಸರಿ ಉಷ್ಣತೆಗೆ ಹತ್ತಿರವೇ ನಿಂತಿರುತ್ತದೆ. ನಮ್ಮ ಕರಾವಳಿಯಲ್ಲಿ ಸುಮಾರು 27 ಡಿಗ್ರಿ. ಚಳಿಯ ಬೆಳಿಗ್ಗೆ ಆಗಷ್ಟೇ ಸೇದಿದ ನೀರು ಕೈಗೆ ಬೆಚ್ಚಗೆ ಹತ್ತುವುದು, ಎಪ್ರಿಲಿನಲ್ಲಿ ಅದೇ ನೀರು ತಂಪೆನಿಸುವುದು ಇದಕ್ಕೇ. ಬಾವಿ ಬದಲಾಗಿಲ್ಲ, ಬದಲಾದದ್ದು ಗಾಳಿ ಮತ್ತು ನಮ್ಮ ಕೈ. ತಾರಸಿಯ ಟ್ಯಾಂಕಿನ ನೀರು ಹಾಗಲ್ಲ. ರಾತ್ರಿಯಿಡೀ ತಣಿದು ಬೆಳಗಿನ ಹೊತ್ತಿಗೆ 22ಕ್ಕೆ ಇಳಿದಿರಬಹುದು. 60 ಲೀಟರ್ ನೀರನ್ನು 22ರಿಂದ 60 ಡಿಗ್ರಿಗೆ ಏರಿಸಲು 2.65 ಯೂನಿಟ್ ವಿದ್ಯುತ್ತಿನಷ್ಟು ಶಕ್ತಿ ಬೇಕು, 27ರಿಂದಾದರೆ 2.3 ಸಾಕು. ಪಂಪನ್ನು ರಾತ್ರಿಯ ಬದಲು ಬೆಳಿಗ್ಗೆ ಹಾಕಿದರೆ ಅಷ್ಟು ಉಳಿತಾಯ ಪುಕ್ಕಟೆ.

ಮಣಿಪಾಲದ ಫ್ಲ್ಯಾಟುಗಳಲ್ಲಿ ಹಂಡೆಯೂ ಇಲ್ಲ, ಬಾವಿಕಟ್ಟೆಯೂ ಇಲ್ಲ. ಸ್ಟೋರೇಜ್ ಗೀಸರ್ ಎಂದರೆ ಹಂಡೆಯ ಮೊಮ್ಮಗ: ಮಣ್ಣಿನ ಕಟ್ಟೆಯ ಜಾಗದಲ್ಲಿ ಫೋಮು, ಕೆಂಡದ ಜಾಗದಲ್ಲಿ ಕಾಯಿಲು, ಜತೆಗೆ ಹಂಡೆಗಿಲ್ಲದ ಥರ್ಮೋಸ್ಟಾಟು. ಮಕ್ಕಳಿರುವ ಮನೆಯಲ್ಲಿ ಅದನ್ನು ಐವತ್ತರ ಆಸುಪಾಸಿಗೆ ಇಟ್ಟುಕೊಂಡರೆ ಅವಘಡಕ್ಕೆ ಅರ್ಧ ಬಾಗಿಲು ಮುಚ್ಚಿದಂತೆ. ಮೂರು ಕಿಲೋವ್ಯಾಟಿನ ಇನ್‌ಸ್ಟಂಟ್ ಗೀಸರಿನಲ್ಲಿ ನೀರು ಸಪೂರ ಬರುವುದು ಪ್ಲಂಬರನ ತಪ್ಪಲ್ಲ. 22ರ ನೀರನ್ನು ಹರಿಯುತ್ತಿರುವಾಗಲೇ 37ಕ್ಕೆ ಏರಿಸಬೇಕಾದರೆ ನಿಮಿಷಕ್ಕೆ ಮೂರು ಲೀಟರಿಗಿಂತ ಹೆಚ್ಚು ಅದರಿಂದ ಆಗದು.

ಗ್ಯಾಸ್ ಗೀಸರ್ ವಿಷಯದಲ್ಲಿ ಮಾತ್ರ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು ಮಾರಾಯ್ರೆ. ಮುಚ್ಚಿದ ಬಚ್ಚಲಿನಲ್ಲಿ ಅದು ಉರಿದಂತೆ ಆಮ್ಲಜನಕ ಕಡಿಮೆಯಾಗುತ್ತದೆ, ಅರೆಬರೆ ಉರಿದ ಅನಿಲದಿಂದ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಅಂಟಿಕೊಳ್ಳುವುದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ. ಬೇಗ ಬೇಗ ಉಸಿರಾಡುವ ಮಗುವಿನ ಮೈಗೆ ಅದು ದೊಡ್ಡವರಿಗಿಂತ ಮೊದಲು ಏರುತ್ತದೆ. ಮಗುವಿಗೆ ಗಾಳಿ ತಾಗದಿರಲಿ ಎಂದು ಕಿಟಕಿಯ ಪಟ್ಟಿಗಳ ಸಂದಿಗೆ ಬಟ್ಟೆ ತುರುಕುವ ಮನೆಗಳಲ್ಲೇ ಈ ಅಪಾಯ ಹೆಚ್ಚು. ಹಂಚಿನ ಮಾಡಿನ ಹಳೆಯ ಬಚ್ಚಲುಮನೆಯಲ್ಲಿ ಗೋಡೆಗೂ ಮಾಡಿಗೂ ನಡುವೆ ಗೇಣಗಲ ಜಾಗ ಇರುತ್ತಿತ್ತು, ಅಲ್ಲಿಂದ ಚಳಿಗಾಳಿ ಒಳಗೆ ಬರುತ್ತಿತ್ತು, ಹೊಗೆ ಹೊರಗೆ ಹೋಗುತ್ತಿತ್ತು. ಗ್ಯಾಸ್ ಗೀಸರ್ ಬೇಕೇಬೇಕೆಂದಾದರೆ ಅದನ್ನು ಬಚ್ಚಲಿನ ಹೊರಗೆ, ಗಾಳಿಯಾಡುವ ಬಾಲ್ಕನಿಯ ಗೋಡೆಗೆ ಹಾಕಿಸಿ ಪೈಪು ಮಾತ್ರ ಒಳಗೆ ತನ್ನಿ.