ಗರ್ಭಿಣಿಯ ವಿಮಾನಯಾನ: ಒತ್ತಡ, ಆಕ್ಸಿಜನ್ ಮತ್ತು ಒಂದು ಸರಳ ಲೆಕ್ಕ

ಏಳನೆಯ ತಿಂಗಳಲ್ಲಿ ಸೀಮಂತ ಮುಗಿಸಿಕೊಂಡು ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವುದು ನಮ್ಮಲ್ಲಿ ಬಹುಕಾಲದಿಂದ ಬಂದ ಪದ್ಧತಿ. ಹಿಂದೆ ಈ ಪ್ರಯಾಣ ಗಾಡಿ, ಬಸ್ಸು ಅಥವಾ ರೈಲಿನಲ್ಲಿ ಮುಗಿಯುತ್ತಿತ್ತು. ಈಗ ಮಗಳು ದೆಹಲಿಯಲ್ಲೋ ದುಬೈಯಲ್ಲೋ ಕೆಲಸದಲ್ಲಿರುತ್ತಾಳೆ, ತವರು ಹುಬ್ಬಳ್ಳಿಯಲ್ಲೋ ಮಂಗಳೂರಿನಲ್ಲೋ ಇರುತ್ತದೆ. ವಿಮಾನದ ಟಿಕೆಟ್ ತೆಗೆಯುವ ಮಾತು ಬಂದೊಡನೆ ಮನೆಯವರಲ್ಲಿ ಆತಂಕ ಮೂಡುತ್ತದೆ. ಅಷ್ಟು ಎತ್ತರದಲ್ಲಿ ಗಾಳಿ ತೆಳುವಾಗಿರುವುದರಿಂದ ಮಗುವಿಗೆ ಆಕ್ಸಿಜನ್ ಸಾಲುತ್ತದೆಯೆ? ಅಲ್ಲಿ ವಿಕಿರಣ ಹೆಚ್ಚಂತೆ, ಅದರಿಂದ ತೊಂದರೆಯಿಲ್ಲವೆ? ನಿಲ್ದಾಣದ ತಪಾಸಣಾ ಯಂತ್ರದೊಳಗೆ ಹಾದುಹೋಗಬಹುದೆ?

ಇವುಗಳಲ್ಲಿ ಹೆಚ್ಚಿನವು ವೈದ್ಯಶಾಸ್ತ್ರದ ಪ್ರಶ್ನೆಗಳಂತೆ ಕಂಡರೂ ಮೂಲತಃ ಭೌತವಿಜ್ಞಾನದ ಪ್ರಶ್ನೆಗಳು. ಪಿಯುಸಿ ವಿದ್ಯಾರ್ಥಿಗೆ ತಿಳಿದಿರುವ ಅನಿಲ ನಿಯಮಗಳು ಮತ್ತು ಸ್ವಲ್ಪ ಅಂಕಗಣಿತ ಇದ್ದರೆ ಉತ್ತರ ಹುಡುಕಬಹುದು. ಹಾಗೆ ಲೆಕ್ಕ ಹಾಕಿ ನೋಡಿದಾಗ, ನಾವು ಹೆದರುವ ಸಂಗತಿ ಒಂದು, ಹೆದರಬೇಕಾದ ಸಂಗತಿ ಇನ್ನೊಂದು ಎಂಬುದು ಸ್ಪಷ್ಟವಾಗುತ್ತದೆ.

ಕ್ಯಾಬಿನ್ನಿನೊಳಗಿನ ಗಾಳಿ

ಜೆಟ್ ವಿಮಾನಗಳು ಸಾಮಾನ್ಯವಾಗಿ ಸುಮಾರು 11 ಕಿಲೋಮೀಟರ್ ಎತ್ತರದಲ್ಲಿ ಹಾರುತ್ತವೆ. ಅಲ್ಲಿ ಹೊರಗಿನ ಉಷ್ಣತೆ ಸೊನ್ನೆಗಿಂತ 56 ಡಿಗ್ರಿ ಸೆಲ್ಸಿಯಸ್ ಕೆಳಗೆ ಇರುತ್ತದೆ. ವಾಯುವಿನ ಒತ್ತಡ ಸಮುದ್ರಮಟ್ಟದ ಒತ್ತಡದ ಕಾಲುಭಾಗಕ್ಕಿಂತಲೂ ಕಡಿಮೆ. ಅಲ್ಲಿ ಯಾರೂ ಬದುಕಲಾರರು. ಆದ್ದರಿಂದ ಹೊರಗಿನ ಗಾಳಿಯನ್ನು ಸಂಪೀಡಿಸಿ ಕ್ಯಾಬಿನ್ನಿಗೆ ತುಂಬಿಸಲಾಗುತ್ತದೆ.

ಹಾಗಾದರೆ ಒಳಗೆ ಸಮುದ್ರಮಟ್ಟದ ಒತ್ತಡವನ್ನೇ ಏಕೆ ಇಡಬಾರದು? ಒಳಗಿನ ಒತ್ತಡ ಹೆಚ್ಚಿದಷ್ಟೂ ವಿಮಾನದ ಗೋಡೆ ಹೆಚ್ಚು ಬಲವನ್ನು ತಾಳಬೇಕಾಗುತ್ತದೆ. ಗೋಡೆ ದಪ್ಪವಾದರೆ ತೂಕ ಏರುತ್ತದೆ. ಆದ್ದರಿಂದ ವಿಮಾನ ನಿರ್ಮಾಪಕರು ಒಂದು ರಾಜಿ ಮಾಡಿಕೊಂಡಿದ್ದಾರೆ. ನಿಯಮದ ಪ್ರಕಾರ, ಸಾಮಾನ್ಯ ಹಾರಾಟದಲ್ಲಿ ಕ್ಯಾಬಿನ್ನಿನ ಒತ್ತಡ 8,000 ಅಡಿ, ಅಂದರೆ ಸುಮಾರು 2,440 ಮೀಟರ್ ಎತ್ತರದ ಸ್ಥಳದ ಒತ್ತಡಕ್ಕಿಂತ ಕಡಿಮೆಯಾಗಬಾರದು. ಅದು ಸುಮಾರು 565 ಮಿಮೀ ಪಾದರಸಕ್ಕೆ ಸಮ. ಈ ಮಟ್ಟದಲ್ಲಿಯೂ ಗೋಡೆಯ ಪ್ರತಿ ಚದರ ಮೀಟರಿನ ಮೇಲೆ ಸುಮಾರು ಐದು ಟನ್ನಿನಷ್ಟು ಭಾರ ಹೊರಮುಖವಾಗಿ ಒತ್ತುತ್ತಿರುತ್ತದೆ. ಬೋಯಿಂಗ್ 787 ಮತ್ತು ಏರ್‌ಬಸ್ ಎ350 ವಿಮಾನಗಳಲ್ಲಿ ಕ್ಯಾಬಿನ್ನಿನ ಒತ್ತಡ 6,000 ಅಡಿಯ ಎತ್ತರಕ್ಕೆ ಸಮನಾಗಿರುತ್ತದೆ.

2,440 ಮೀಟರ್ ಎಂದರೆ ಎಷ್ಟು ಎತ್ತರ? ಊಟಿಯ ಪೇಟೆ ಸುಮಾರು 2,240 ಮೀಟರ್ ಎತ್ತರದಲ್ಲಿದೆ, ಅದರ ಪಕ್ಕದ ದೊಡ್ಡಬೆಟ್ಟದ ತುದಿ 2,637 ಮೀಟರ್. ಅಂದರೆ ಕ್ಯಾಬಿನ್ನಿನಲ್ಲಿ ಕುಳಿತವರು ಗಾಳಿಯ ಮಟ್ಟಿಗೆ ಊಟಿಗಿಂತ ತುಸು ಮೇಲಿರುತ್ತಾರೆ. ಬೆಂಗಳೂರಿನವರಂತೂ ಆಗಲೇ 900 ಮೀಟರ್ ಮೇಲಿದ್ದಾರೆ.

ತಾಯಿಯ ರಕ್ತದಲ್ಲಿ ಆಗುವ ಬದಲಾವಣೆ

ಎತ್ತರಕ್ಕೆ ಹೋದರೂ ಗಾಳಿಯಲ್ಲಿ ಆಕ್ಸಿಜನ್ನಿನ ಪಾಲು ಶೇಕಡಾ 21ರಷ್ಟೇ ಇರುತ್ತದೆ. ಕಡಿಮೆಯಾಗುವುದು ಅದರ ಆಂಶಿಕ ಒತ್ತಡ. ಸಮುದ್ರಮಟ್ಟದಲ್ಲಿ ಇದು ಸುಮಾರು 159 ಮಿಮೀ ಇದ್ದರೆ ಕ್ಯಾಬಿನ್ನಿನಲ್ಲಿ ಸುಮಾರು 118 ಮಿಮೀ. ಶ್ವಾಸಕೋಶದೊಳಗೆ ನೀರಾವಿ ಮತ್ತು ಕಾರ್ಬನ್ ಡೈಆಕ್ಸೈಡ್‌ಗಳೂ ತಮ್ಮ ಪಾಲಿನ ಒತ್ತಡವನ್ನು ಪಡೆಯುವುದರಿಂದ ರಕ್ತಕ್ಕೆ ದೊರೆಯುವುದು ಇನ್ನೂ ಕಡಿಮೆ. ಸಮುದ್ರಮಟ್ಟದಲ್ಲಿ ಅಪಧಮನಿಯ ರಕ್ತದಲ್ಲಿ ಸುಮಾರು 100 ಮಿಮೀ ಇರುವ ಆಕ್ಸಿಜನ್ ಒತ್ತಡ ಕ್ಯಾಬಿನ್ನಿನಲ್ಲಿ ಸುಮಾರು 65 ಮಿಮೀಗೆ ಇಳಿಯುತ್ತದೆ. ಮೂರನೆಯ ಒಂದು ಭಾಗಕ್ಕಿಂತ ಹೆಚ್ಚಿನ ಇಳಿತ! ಕೇಳಿದೊಡನೆ ಗಾಬರಿಯಾಗುವುದು ಸಹಜ.

ಆದರೆ ರಕ್ತ ಹೊರುವ ಆಕ್ಸಿಜನ್ನಿನ ಪ್ರಮಾಣ ಒತ್ತಡಕ್ಕೆ ನೇರ ಅನುಪಾತದಲ್ಲಿಲ್ಲ. ಹೀಮೊಗ್ಲೋಬಿನ್ ಅಣುವಿನಲ್ಲಿ ಆಕ್ಸಿಜನ್ ಹಿಡಿಯುವ ನಾಲ್ಕು ನೆಲೆಗಳಿವೆ. ಒಂದು ತುಂಬಿದರೆ ಉಳಿದವು ಇನ್ನೂ ಸುಲಭವಾಗಿ ತುಂಬುತ್ತವೆ. ಆದ್ದರಿಂದ ಒತ್ತಡಕ್ಕೆದುರಾಗಿ ಸಂತೃಪ್ತತೆಯ ನಕ್ಷೆ ಎಳೆದರೆ ಅದು ಸರಳರೇಖೆಯಾಗದೆ ಇಂಗ್ಲಿಷಿನ ಎಸ್ ಅಕ್ಷರದಂತೆ ಬಾಗಿರುತ್ತದೆ. ಮೇಲ್ಭಾಗದಲ್ಲಿ ಈ ರೇಖೆ ಬಹುಮಟ್ಟಿಗೆ ಸಮತಟ್ಟು. 100 ಮಿಮೀಯಲ್ಲಿ ಸಂತೃಪ್ತತೆ ಶೇಕಡಾ 97, 65 ಮಿಮೀಯಲ್ಲಿ ಶೇಕಡಾ 92ರ ಆಸುಪಾಸು. ಒತ್ತಡದಲ್ಲಿ ಶೇಕಡಾ 35ರಷ್ಟು ಇಳಿತವಾದರೂ ರಕ್ತ ಹೊರುವ ಆಕ್ಸಿಜನ್ನಿನಲ್ಲಿ ಆಗುವ ಇಳಿತ ಶೇಕಡಾ ಐದರಷ್ಟು ಮಾತ್ರ.

ಗರ್ಭಿಣಿಗೆ ಇನ್ನೊಂದು ಅನುಕೂಲವಿದೆ. ಪ್ರೊಜೆಸ್ಟೆರಾನ್ ಎಂಬ ಹಾರ್ಮೋನಿನ ಪ್ರಭಾವದಿಂದ ಆಕೆ ಆಳವಾಗಿ ಉಸಿರಾಡುತ್ತಾಳೆ. ಇದರಿಂದ ಕಾರ್ಬನ್ ಡೈಆಕ್ಸೈಡಿನ ಒತ್ತಡ ಸುಮಾರು 40 ಮಿಮೀಯಿಂದ 30ಕ್ಕೆ ಇಳಿದು ಆಕ್ಸಿಜನ್ನಿಗೆ ಅಷ್ಟು ಜಾಗ ಸಿಗುತ್ತದೆ.

ಗರ್ಭದೊಳಗಿನ ಎವರೆಸ್ಟ್

ಇನ್ನು ಮಗುವಿನ ವಿಚಾರ. ಭ್ರೂಣ ಗಾಳಿಯನ್ನು ಉಸಿರಾಡುವುದಿಲ್ಲ. ಮಾಸಿನ ಮೂಲಕ ತಾಯಿಯ ರಕ್ತದಿಂದ ಆಕ್ಸಿಜನ್ ಪಡೆಯುತ್ತದೆ. ನೆಲದ ಮೇಲೆ ಆರೋಗ್ಯವಾಗಿರುವ ಗರ್ಭಿಣಿಯಲ್ಲಿಯೂ ಹೊಕ್ಕುಳ ಬಳ್ಳಿಯ ಅಭಿಧಮನಿಯ ಮೂಲಕ ಮಗುವಿಗೆ ತಲಪುವ ರಕ್ತದಲ್ಲಿ ಆಕ್ಸಿಜನ್ ಒತ್ತಡ ಸುಮಾರು 30 ಮಿಮೀ ಮಾತ್ರ. 2007ರಲ್ಲಿ ಎವರೆಸ್ಟ್ ಏರಿದ ವೈದ್ಯರ ತಂಡವೊಂದು 8,400 ಮೀಟರ್ ಎತ್ತರದಲ್ಲಿ ತಮ್ಮದೇ ಅಪಧಮನಿಯ ರಕ್ತ ತೆಗೆದು ಪರೀಕ್ಷಿಸಿದಾಗ ದೊರೆತ ಸರಾಸರಿ ಸುಮಾರು 25 ಮಿಮೀ. ಭ್ರೂಣ ಎವರೆಸ್ಟಿನಲ್ಲಿ ವಾಸಿಸುತ್ತದೆ ಎಂದು ಶರೀರವಿಜ್ಞಾನಿಗಳು ಹೋಲಿಸಿ ಹೇಳುವುದು ಇದರಿಂದಲೇ.

ಇಷ್ಟು ಕಡಿಮೆ ಒತ್ತಡದಲ್ಲಿ ಅದು ಬೆಳೆಯುವುದು ಹೇಗೆ? ಭ್ರೂಣದ ಹೀಮೊಗ್ಲೋಬಿನ್ನಿನ ರಚನೆಯೇ ಬೇರೆ. ವಯಸ್ಕರ ಹೀಮೊಗ್ಲೋಬಿನ್ ಅರ್ಧ ತುಂಬಲು ಸುಮಾರು 27 ಮಿಮೀ ಒತ್ತಡ ಬೇಕು, ಭ್ರೂಣದ ಹೀಮೊಗ್ಲೋಬಿನ್ನಿಗೆ 20 ಮಿಮೀ ಸಾಕು. 30 ಮಿಮೀಯಲ್ಲಿ ವಯಸ್ಕರ ರಕ್ತ ಶೇಕಡಾ 57ರಷ್ಟು ತುಂಬಿದರೆ ಭ್ರೂಣದ ರಕ್ತ ಸುಮಾರು ಶೇಕಡಾ 75ರಷ್ಟು ತುಂಬುತ್ತದೆ. ಜೊತೆಗೆ, ದಿನ ತುಂಬಿದ ಮಗುವಿನ ರಕ್ತದಲ್ಲಿ ಹೀಮೊಗ್ಲೋಬಿನ್ ಪ್ರಮಾಣ ತಾಯಿಯದಕ್ಕಿಂತ ಹೆಚ್ಚು. ಹೀಗಾಗಿ ತಾಯಿಯ ರಕ್ತದಲ್ಲಿ ಕೆಲವು ಗಂಟೆಗಳ ಕಾಲ ಆಗುವ ಸಣ್ಣ ಇಳಿತವನ್ನು ಆರೋಗ್ಯವಂತ ಭ್ರೂಣ ಸಹಿಸಿಕೊಳ್ಳುತ್ತದೆ. 1986ರಲ್ಲಿ ಪ್ರಕಟವಾದ ಸ್ವಿಟ್ಜರ್ಲೆಂಡಿನ ತಂಡವೊಂದರ ಅಧ್ಯಯನದಲ್ಲಿ ಗರ್ಭಿಣಿಯರನ್ನು ವಿಮಾನದಲ್ಲಿ ಕರೆದೊಯ್ದು ಭ್ರೂಣದ ಹೃದಯಬಡಿತವನ್ನು ಅಳೆಯಲಾಗಿತ್ತು. ಬಡಿತ ಸಹಜವಾಗಿಯೇ ಇತ್ತು. ಆದರೆ ತಿಂಗಳುಗಟ್ಟಲೆ ಬಹಳ ಎತ್ತರದಲ್ಲಿ ವಾಸಿಸುವುದು ಬೇರೆಯೇ ಮಾತು. ಅಂಥ ಸ್ಥಳಗಳಲ್ಲಿ ಹುಟ್ಟುವ ಮಕ್ಕಳ ಸರಾಸರಿ ತೂಕ ಕಡಿಮೆ ಇರುತ್ತದೆ.

ಲೆಕ್ಕದಲ್ಲಿ ಅಡಗಿರುವ ಅಪಾಯ

ಈಗ ಮುಖ್ಯ ಲೆಕ್ಕಕ್ಕೆ ಬರೋಣ. ಒಂದು ಗ್ರಾಮ್ ಹೀಮೊಗ್ಲೋಬಿನ್ ಪೂರ್ತಿ ತುಂಬಿದಾಗ ಸುಮಾರು 1.34 ಮಿಲಿಲೀಟರ್ ಆಕ್ಸಿಜನ್ ಹೊರುತ್ತದೆ. 100 ಮಿಲಿಲೀಟರ್ ರಕ್ತದಲ್ಲಿ 12 ಗ್ರಾಮ್ ಹೀಮೊಗ್ಲೋಬಿನ್ ಇರುವ ತಾಯಿಯನ್ನು ತೆಗೆದುಕೊಳ್ಳಿ. ನೆಲದ ಮೇಲೆ ಆಕೆಯ ಅಷ್ಟು ರಕ್ತ ಹೊರುವ ಆಕ್ಸಿಜನ್:

1.34 × 12 × 0.97 = 15.6 ಮಿಲಿಲೀಟರ್

ವಿಮಾನದಲ್ಲಿ:

1.34 × 12 × 0.92 = 14.8 ಮಿಲಿಲೀಟರ್

ಇನ್ನು, ಹೀಮೊಗ್ಲೋಬಿನ್ 7 ಗ್ರಾಮ್ ಮಾತ್ರ ಇರುವ ತಾಯಿ ವಿಮಾನ ಹತ್ತದೆ ಮನೆಯಲ್ಲೇ ಇದ್ದಾಳೆ ಎಂದುಕೊಳ್ಳಿ:

1.34 × 7 × 0.97 = 9.1 ಮಿಲಿಲೀಟರ್

ವಿಮಾನ ಕಿತ್ತುಕೊಂಡದ್ದು 0.8 ಮಿಲಿಲೀಟರ್, ಅದೂ ಕೆಲವು ಗಂಟೆಗಳ ಮಟ್ಟಿಗೆ. ರಕ್ತಹೀನತೆ ಕಿತ್ತುಕೊಂಡದ್ದು 6.5 ಮಿಲಿಲೀಟರ್, ಅದೂ ಹಗಲು ರಾತ್ರಿ. ಹೃದಯ ಹೆಚ್ಚು ರಕ್ತವನ್ನು ತಳ್ಳಿ ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬಿಕೊಡಲು ಯತ್ನಿಸುತ್ತದೆ. ಆದರೆ ಅದಕ್ಕೂ ಮಿತಿಯಿದೆ. ಅಂಥ ತಾಯಿ ವಿಮಾನ ಹತ್ತಿದರೆ ಮೊದಲೇ ಕಡಿಮೆಯಿರುವ 9.1 ಇನ್ನೂ ಇಳಿದು 8.6 ಆಗುತ್ತದೆ. ಹೀಮೊಗ್ಲೋಬಿನ್ 7.5 ಗ್ರಾಮ್‌ಗಿಂತ ಕಡಿಮೆ ಇರುವ ಗರ್ಭಿಣಿ ವಿಮಾನಯಾನ ಮಾಡಬಾರದೆಂದು ಬ್ರಿಟನ್ನಿನ ಪ್ರಸೂತಿ ತಜ್ಞರ ರಾಯಲ್ ಕಾಲೇಜು ಹೇಳಿರುವುದು ಇದೇ ಕಾರಣದಿಂದ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದ ಗರ್ಭಿಣಿಯರಲ್ಲಿ ಶೇಕಡಾ 52.2ರಷ್ಟು ಮಂದಿಗೆ ರಕ್ತಹೀನತೆಯಿದೆ. ಇವರೆಲ್ಲರದೂ ತೀವ್ರ ರಕ್ತಹೀನತೆಯಲ್ಲ, 11 ಗ್ರಾಮ್‌ಗಿಂತ ಕಡಿಮೆಯಿದ್ದರೆ ಈ ಲೆಕ್ಕಕ್ಕೆ ಬರುತ್ತಾರೆ. ಆದರೂ ಇವರಲ್ಲಿ ಬಹುಪಾಲು ಮಂದಿ ವಿಮಾನವನ್ನೇ ಹತ್ತದವರು. ಅವರ ಮಕ್ಕಳಿಗೆ ಆಕ್ಸಿಜನ್ ಕಡಿಮೆಯಾಗುತ್ತಿರುವುದು ಆಕಾಶದಲ್ಲಲ್ಲ, ಮನೆಯಂಗಳದಲ್ಲಿ. ಸರ್ಕಾರ ಉಚಿತವಾಗಿ ಕೊಡುವ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆಯನ್ನು ಗರ್ಭಿಣಿ ನಿತ್ಯ ಒಂದರಂತೆ 180 ದಿನ ನುಂಗಬೇಕು. ವಿಮಾನದ ಬಗ್ಗೆ ವಾದ ಮಾಡುವ ಮನೆಯವರು ಈ ಮಾತ್ರೆಯ ಬಗ್ಗೆಯೂ ಅಷ್ಟೇ ಕಾಳಜಿ ವಹಿಸಬೇಕು.

ವಿಶ್ವಕಿರಣಗಳು

1912ರಲ್ಲಿ ವಿಕ್ಟರ್ ಹೆಸ್ ಬಲೂನಿನಲ್ಲಿ 5,300 ಮೀಟರ್ ಎತ್ತರಕ್ಕೇರಿ, ಮೇಲೆ ಹೋದಂತೆ ವಿಕಿರಣ ಹೆಚ್ಚುವುದನ್ನು ಅಳೆದರು. ಈ ಸಂಶೋಧನೆಗೆ 1936ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಬಾಹ್ಯಾಕಾಶದಿಂದ ಬರುವ ಈ ವಿಶ್ವಕಿರಣಗಳನ್ನು ವಾಯುಮಂಡಲ ತಡೆಯುತ್ತದೆ. ವಿಮಾನ ಹಾರುವ ಎತ್ತರದಲ್ಲಿ ಆ ಹೊದಿಕೆ ತೆಳು. ಭೂಮಿಯ ಕಾಂತಕ್ಷೇತ್ರವೂ ರಕ್ಷಣೆ ನೀಡುತ್ತದೆ. ಆದರೆ ಅದು ಸಮಭಾಜಕದ ಬಳಿ ಹೆಚ್ಚು, ಧ್ರುವಗಳ ಬಳಿ ಕಡಿಮೆ.

ದಕ್ಷಿಣ ಭಾರತದ ಮೇಲೆ ಹಾರುವಾಗ ಗಂಟೆಗೆ ಸುಮಾರು 3 ಮೈಕ್ರೋಸೀವರ್ಟ್ ವಿಕಿರಣ ತಗಲುತ್ತದೆ. ಮೂರು ಗಂಟೆಗಳ ಬೆಂಗಳೂರು–ದೆಹಲಿ ಪ್ರಯಾಣದಲ್ಲಿ ಸುಮಾರು 10 ಮೈಕ್ರೋಸೀವರ್ಟ್ ಎಂದಿಟ್ಟುಕೊಳ್ಳಬಹುದು. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳ ತಂಡ ಸ್ಯಾನ್ ಫ್ರಾನ್ಸಿಸ್ಕೊದಿಂದ ಉತ್ತರ ಧ್ರುವದ ಮಾರ್ಗವಾಗಿ ಎಲ್ಲಿಯೂ ಇಳಿಯದೆ ಬೆಂಗಳೂರಿಗೆ ಹಾರಿ ಬಂದಿತು. ಸುಮಾರು 17 ಗಂಟೆಗಳ ಅಂಥ ಒಂದು ಪ್ರಯಾಣದಲ್ಲಿ ತಗಲುವುದು 100 ಮೈಕ್ರೋಸೀವರ್ಟ್ ಆಸುಪಾಸು, ಅಂದರೆ 0.1 ಮಿಲಿಸೀವರ್ಟ್.

ಇದನ್ನು ಎದೆಯ ಎಕ್ಸ್-ರೇಗೆ ಹೋಲಿಸುವ ವಾಡಿಕೆಯಿದೆ. ಗರ್ಭಿಣಿಯ ವಿಚಾರದಲ್ಲಿ ಈ ಹೋಲಿಕೆ ಸರಿಯಲ್ಲ. ಎದೆಗೆ ಗುರಿಯಿಟ್ಟ ಎಕ್ಸ್-ಕಿರಣ ಗರ್ಭಕೋಶವನ್ನು ತಲಪುವುದೇ ಇಲ್ಲವೆನ್ನುವಷ್ಟು ಕಡಿಮೆ. ವಿಶ್ವಕಿರಣಗಳಾದರೋ ಇಡೀ ದೇಹವನ್ನು ಹಾದುಹೋಗುತ್ತವೆ, ಮಗುವಿಗೂ ತಾಯಿಯಷ್ಟೇ ತಗಲುತ್ತದೆ. ಹೋಲಿಸಬೇಕಾದದ್ದು ನೆಲದ ಮೇಲೆಯೇ ನಮ್ಮ ದೇಹಕ್ಕೆ ಹೊರಗಿನಿಂದ ತಗಲುವ ಸಹಜ ವಿಕಿರಣದೊಂದಿಗೆ. ವಿಶ್ವಕಿರಣ ಮತ್ತು ಮಣ್ಣು-ಬಂಡೆಗಳಿಂದ ಬರುವ ಇದರ ಜಾಗತಿಕ ಸರಾಸರಿ ವರ್ಷಕ್ಕೆ ಸುಮಾರು 0.87 ಮಿಲಿಸೀವರ್ಟ್, ಒಂಬತ್ತು ತಿಂಗಳಿಗೆ ಸುಮಾರು 0.65. ವಿಕಿರಣ ಕ್ಷೇತ್ರದಲ್ಲಿ ಕೆಲಸ ಮಾಡುವ ಗರ್ಭಿಣಿಯ ಭ್ರೂಣಕ್ಕೆ ಉಳಿದ ಗರ್ಭಾವಧಿಯಲ್ಲಿ 1 ಮಿಲಿಸೀವರ್ಟ್ ಮೀರದಿರಲಿ ಎಂಬುದು ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗದ ಶಿಫಾರಸು. ಅಮೆರಿಕಕ್ಕೆ ಒಮ್ಮೆ ಹೋಗಿಬಂದರೆ ಇದರ ಐದನೆಯ ಒಂದು ಭಾಗ. ಅಪರೂಪಕ್ಕೆ ಪ್ರಯಾಣಿಸುವವರು ಚಿಂತಿಸಬೇಕಾಗಿಲ್ಲ. ವಿಮಾನದ ಸಿಬ್ಬಂದಿ ಮತ್ತು ಕೆಲಸದ ನಿಮಿತ್ತ ಮತ್ತೆ ಮತ್ತೆ ದೂರ ಹಾರುವವರು ಲೆಕ್ಕ ಇಡಬೇಕು.

ತಪಾಸಣೆಯ ಬಾಗಿಲ ಚೌಕಟ್ಟಿನಲ್ಲಿರುವುದು ದುರ್ಬಲ ಕಾಂತಕ್ಷೇತ್ರ. ಕೆಲವೆಡೆ ಇರುವ ಮಿಲಿಮೀಟರ್ ತರಂಗದ ಯಂತ್ರದ ತರಂಗಗಳು ಚರ್ಮದಲ್ಲೇ ನಿಂತುಬಿಡುತ್ತವೆ. ಇವೆರಡೂ ಅಯಾನೀಕರಿಸುವ ವಿಕಿರಣಗಳಲ್ಲ.

ಕುಳಿತೇ ಇರುವುದರ ಅಪಾಯ

ನಿಜವಾಗಿ ಎಚ್ಚರ ವಹಿಸಬೇಕಾದ ಇನ್ನೊಂದು ಸಂಗತಿ ಕಾಲಿನ ಅಭಿಧಮನಿಗಳಲ್ಲಿ ರಕ್ತ ಹೆಪ್ಪುಗಟ್ಟುವುದು. ಕುಳಿತಾಗ ಹೃದಯಕ್ಕೂ ಪಾದಕ್ಕೂ ಸುಮಾರು 90 ಸೆಂಟಿಮೀಟರ್ ಎತ್ತರದ ರಕ್ತಸ್ತಂಭವಿರುತ್ತದೆ. ಅದರ ಒತ್ತಡ ಸುಮಾರು 70 ಮಿಮೀ ಪಾದರಸ. ನಡೆಯುವಾಗ ಮೀನಖಂಡದ ಸ್ನಾಯುಗಳು ಪಂಪಿನಂತೆ ರಕ್ತವನ್ನು ಮೇಲಕ್ಕೆ ತಳ್ಳುತ್ತವೆ. ಕುಳಿತೇ ಇದ್ದರೆ ಪಂಪು ನಿಲ್ಲುತ್ತದೆ. ಬೆಳೆದ ಗರ್ಭಕೋಶ ಹೊಟ್ಟೆಯ ಕೆಳಭಾಗದ ಅಭಿಧಮನಿಗಳನ್ನು ಒತ್ತಿ ಹರಿವನ್ನು ಇನ್ನೂ ತಗ್ಗಿಸುತ್ತದೆ. ಹೆರಿಗೆಯ ರಕ್ತಸ್ರಾವವನ್ನು ತಡೆಯಲೆಂದು ಪ್ರಕೃತಿಯೇ ಗರ್ಭಿಣಿಯ ರಕ್ತಕ್ಕೆ ಬೇಗ ಹೆಪ್ಪುಗಟ್ಟುವ ಗುಣ ಕೊಟ್ಟಿದೆ. ಹೀಗಾಗಿ ಬೇರೆಯವರಿಗಿಂತ ಆಕೆಗೆ ಈ ಅಪಾಯ ನಾಲ್ಕೈದು ಪಟ್ಟು ಹೆಚ್ಚು. ಹೆಪ್ಪು ಕಳಚಿಕೊಂಡು ಶ್ವಾಸಕೋಶ ಸೇರಿದರೆ ಪ್ರಾಣಕ್ಕೇ ಸಂಚಕಾರ.

ನಾಲ್ಕು ಗಂಟೆಗಿಂತ ಹೆಚ್ಚು ಕಾಲ ಕುಳಿತು ಪ್ರಯಾಣಿಸಿದರೆ ಈ ಅಪಾಯ ಸುಮಾರು ಇಮ್ಮಡಿಯಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2007ರ ವರದಿ ತಿಳಿಸಿತು. ಗಮನಿಸಿ, ಇದು ವಿಮಾನಕ್ಕೆ ಮಾತ್ರವಲ್ಲ, ಬಸ್ಸು, ಕಾರು, ರೈಲುಗಳಿಗೂ ಅನ್ವಯಿಸುತ್ತದೆ. ವಿಮಾನಕ್ಕೆ ಹೆದರಿ ಗರ್ಭಿಣಿಯನ್ನು ಹನ್ನೆರಡು ಗಂಟೆ ಬಸ್ಸಿನಲ್ಲಿ ಕೂರಿಸಿದರೆ ಈ ಅಪಾಯ ತಪ್ಪುವುದಿಲ್ಲ, ಹೆಚ್ಚುತ್ತದೆ. ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯುವುದು, ಕುಳಿತಲ್ಲೇ ಪಾದವನ್ನು ಮೇಲೆ ಕೆಳಗೆ ಆಡಿಸುವುದು, ಸಾಕಷ್ಟು ನೀರು ಕುಡಿಯುವುದು, ವೈದ್ಯರು ಹೇಳಿದರೆ ಕಾಲಿಗೆ ಬಿಗಿಚೀಲ ಹಾಕುವುದು ಇದಕ್ಕೆ ಪರಿಹಾರ. ಬೆಲ್ಟನ್ನು ಹೊಟ್ಟೆಯ ಮೇಲೆ ಕಟ್ಟದೆ, ಹೊಟ್ಟೆಯ ಕೆಳಗೆ ಸೊಂಟದ ಮೂಳೆಗೆ ತಾಗುವಂತೆ ಕಟ್ಟಬೇಕು. ಕುಳಿತಿರುವಷ್ಟು ಹೊತ್ತೂ ಅದು ಇರಲಿ. ಗಾಳಿಯ ಏರಿಳಿತ ಮುನ್ಸೂಚನೆ ಕೊಟ್ಟು ಬರುವುದಿಲ್ಲ.

ವಾರಗಳ ಮಿತಿ ಏಕೆ?

ಬಹುತೇಕ ವಿಮಾನಸಂಸ್ಥೆಗಳು 28ರಿಂದ 32 ವಾರಗಳ ನಡುವಿನ ಯಾವುದಾದರೊಂದು ಹಂತದಿಂದ ವೈದ್ಯರ ಪತ್ರ ಕೇಳುತ್ತವೆ. ಸೀಮಂತ ಮುಗಿಸಿ ತವರಿಗೆ ಹೊರಡುವ ಸಮಯ ಸರಿಯಾಗಿ ಇದೇ. ಆದ್ದರಿಂದ ಟಿಕೆಟ್ ತೆಗೆಯುವ ಮೊದಲು ಆಯಾ ಸಂಸ್ಥೆಯ ನಿಯಮ ನೋಡಿಕೊಳ್ಳಬೇಕು. ತೊಡಕಿಲ್ಲದ ಗರ್ಭಿಣಿ 37ನೆಯ ವಾರದ ಮೊದಲು, ಅವಳಿ ಮಕ್ಕಳಿದ್ದರೆ 32ನೆಯ ವಾರದ ಮೊದಲು ಪ್ರಯಾಣ ಮುಗಿಸಬೇಕೆಂಬುದು ಮೇಲೆ ಹೇಳಿದ ರಾಯಲ್ ಕಾಲೇಜಿನ ಸಲಹೆ. ವಿಮಾನ ಹೆರಿಗೆ ನೋವನ್ನು ತರುತ್ತದೆ ಎಂಬುದು ಈ ಮಿತಿಗೆ ಕಾರಣವಲ್ಲ. ನೋವು ತಾನಾಗಿ ಶುರುವಾದಾಗ ಹತ್ತಿರದ ಆಸ್ಪತ್ರೆ 11 ಕಿಲೋಮೀಟರ್ ಕೆಳಗಿರುತ್ತದೆ ಎಂಬುದೇ ಕಾರಣ. ರಕ್ತಸ್ರಾವ, ಹೆಚ್ಚಿದ ರಕ್ತದೊತ್ತಡ, ಮಾಸು ಕೆಳಗೆ ಕೂತಿರುವುದು, ಹೃದಯ ಅಥವಾ ಶ್ವಾಸಕೋಶದ ಕಾಯಿಲೆ, ಸಿಕಲ್ ಸೆಲ್ ರೋಗ ಇವುಗಳಲ್ಲಿ ಯಾವುದಿದ್ದರೂ ಅವಧಿ ಎಷ್ಟೇ ಆಗಿರಲಿ, ವೈದ್ಯರನ್ನು ಕೇಳದೆ ಹೊರಡಬಾರದು.

ಅಧ್ಯಾಪಕರು ಮೇಲಿನ ಗುಣಾಕಾರವನ್ನು ತರಗತಿಯಲ್ಲಿ ಮಾಡಿಸಬಹುದು. ಹೀಮೊಗ್ಲೋಬಿನ್ 12, 11, 9, 7 ಗ್ರಾಮ್ ಎಂದು ಒಂದು ಪಟ್ಟಿ ಮಾಡಿ, ಪ್ರತಿಯೊಂದಕ್ಕೂ ನೆಲದ ಮೇಲೆ ಮತ್ತು ವಿಮಾನದಲ್ಲಿ ಎಷ್ಟು ಆಕ್ಸಿಜನ್ ಎಂದು ವಿದ್ಯಾರ್ಥಿಗಳು ಬರೆಯಲಿ. ಅಡ್ಡಸಾಲಿನಲ್ಲಿ ಅಂಕಿಗಳು ಸ್ವಲ್ಪವೇ ಬದಲಾಗುತ್ತವೆ, ಕಂಬಸಾಲಿನಲ್ಲಿ ಬಹಳ ಬದಲಾಗುತ್ತವೆ. ಬಳಿಕ ವಿದ್ಯಾರ್ಥಿಗಳು ಮನೆಗೆ ಹೋಗಿ, ಅಕ್ಕನದೋ ಅತ್ತಿಗೆಯದೋ ತಾಯಿ ಕಾರ್ಡಿನಲ್ಲಿ ಹೀಮೊಗ್ಲೋಬಿನ್ ಎಷ್ಟೆಂದು ಬರೆದಿದೆ ಎಂದು ಕೇಳಿ ತಿಳಿದುಕೊಳ್ಳಲಿ.